ನಾಲ್ಕನೆಯ ಅನ್ನದೋಷ

ಕರ್ಮಸಿದ್ಧಾಂತವನ್ನು ಸಮರ್ಥಿಸುವಾಗ ನಮ್ಮ ಶಾಸ್ತ್ರಕಾರರು ಎರಡು ದೋಷಗಳನ್ನು ಹೆಸರಿಸುತ್ತಾರೆ. ಮಾಡಿದ ಕೆಲಸ ಫಲ ಕೊಡದೆ ಕಳೆದುಹೋದರೆ ಅದು ಕೃತಹಾನಿ. ಮಾಡದ ಕೆಲಸದ ಫಲ ಬಂದು ತಲೆಗೆ ಕಟ್ಟಿಕೊಂಡರೆ ಅದು ಅಕೃತಾಭ್ಯಾಗಮ. ಜಗತ್ತು ನ್ಯಾಯವಾಗಿ ನಡೆಯುತ್ತದೆ ಎನ್ನುವುದಾದರೆ ಇವೆರಡಕ್ಕೂ ಎಡೆಯಿರಬಾರದು. ಹಾಗಾಗಿ ಈ ಜನ್ಮದಲ್ಲಿ ಕಾರಣ ಕಾಣದ ದುಃಖಕ್ಕೆ ಹಿಂದಿನ ಜನ್ಮದಲ್ಲಿ ಕಾರಣ ಇದ್ದೇ ಇರಬೇಕು ಎಂಬುದು ವಾದ. ಸಂಸ್ಕೃತ ಪಾಠ ಹೇಳಿ ನಿವೃತ್ತನಾದ ನನಗೆ ಈ ವಾದದ ಬಿಗಿ ಗೊತ್ತು. ಶಾಸ್ತ್ರ ಓದದವರ ಬಾಯಲ್ಲೂ ಅದು ‘ಮಾಡಿದ್ದುಣ್ಣೋ ಮಹಾರಾಯ’ ಎಂದು ಸಲೀಸಾಗಿ ಬರುತ್ತದೆ. ಆದರೆ ಆರ್ಕ್ಟಿಕ್ ಪ್ರದೇಶದ ಇನುಯಿಟ್ ತಾಯಂದಿರ ಎದೆಹಾಲಿನ ಸಂಗತಿಯನ್ನು ಓದಿ ತಿಳಿದಂತೆಲ್ಲ ನನಗೆ ಒಂದು ಮಾತು ಖಚಿತವಾಗಿದೆ. ಅಕೃತಾಭ್ಯಾಗಮ ಲೋಕದಲ್ಲಿ ನಡೆಯುತ್ತದೆ. ಅದನ್ನು ಅಳೆದು ತೋರಿಸಬಹುದು.

1980ರ ದಶಕದ ನಡುವೆ ಕೆನಡಾದ ಕ್ವಿಬೆಕ್ ಪ್ರಾಂತದಲ್ಲಿ ಎರಿಕ್ ಡೆವಾಯಿ ಎಂಬ ವೈದ್ಯ ಸಂಶೋಧಕರು ಎದೆಹಾಲಿನಲ್ಲಿ ಸೇರಿರುವ ರಾಸಾಯನಿಕಗಳನ್ನು ಅಳೆಯುತ್ತಿದ್ದರು. ಕಾರ್ಖಾನೆಗಳಿರುವ ದಕ್ಷಿಣದ ತಾಯಂದಿರ ಹಾಲಿನ ಜೊತೆ ಹೋಲಿಸಲು ಶುದ್ಧ ಹಾಲು ಬೇಕಿತ್ತು. ಪ್ರಾಂತದ ಉತ್ತರದ ತುದಿಯಲ್ಲಿರುವ, ಇನುಯಿಟರ ನಾಡಾದ ನುನಾವಿಕ್‌ನಲ್ಲಿ ಅದು ಸಿಗಬಹುದೆಂದು ಅಲ್ಲಿಂದ ಮಾದರಿ ತರಿಸಿದರು. ಹಡ್ಸನ್ ಕೊಲ್ಲಿಯ ಆ ದಡದ ಊರುಗಳಲ್ಲಿ ಕಾರ್ಖಾನೆಯಿಲ್ಲ, ಔಷಧಿ ಹೊಡೆಯುವುದಕ್ಕೆ ಹೊಲ ತೋಟಗಳೂ ಇಲ್ಲ. ಆದರೂ ಆ ತಾಯಂದಿರ ಹಾಲಿನಲ್ಲಿ ಪಿಸಿಬಿ ಎಂಬ ವಿಷ ದಕ್ಷಿಣದವರಿಗಿಂತ ಸುಮಾರು 5 ಪಟ್ಟು ಹೆಚ್ಚಿತ್ತು. 1989ರಲ್ಲಿ ಈ ಫಲಿತಾಂಶ ಪ್ರಕಟವಾಯಿತು. ಪಿಸಿಬಿ ಎಂದರೆ ಟ್ರಾನ್ಸ್‌ಫಾರ್ಮರ್, ಕೆಪಾಸಿಟರುಗಳಿಗೆ ತುಂಬುತ್ತಿದ್ದ ಎಣ್ಣೆ. ಆ ತಾಯಂದಿರ ಪೈಕಿ ಯಾರೂ ಅದನ್ನು ತಯಾರಿಸಿದವರಲ್ಲ, ಮಾರಿದವರಲ್ಲ.

ಅದು ಅಲ್ಲಿಗೆ ಹೋದದ್ದು ಗಾಳಿಯಲ್ಲಿ, ಕಡಲಿನ ಪ್ರವಾಹದಲ್ಲಿ. ಈ ಜಾತಿಯ ರಾಸಾಯನಿಕಗಳು ಬಿಸಿಲಿನ ನಾಡಿನಲ್ಲಿ ಆವಿಯಾಗಿ ಏಳುತ್ತವೆ, ತಂಪು ತಗುಲಿದಲ್ಲಿ ಇಳಿಯುತ್ತವೆ, ಮತ್ತೆ ಬಿಸಿಯಾದರೆ ಮತ್ತೆ ಎದ್ದು ಮುಂದಕ್ಕೆ ಹೋಗುತ್ತವೆ. ಧ್ರುವದ ಚಳಿಯಲ್ಲಿ ಇಳಿದ ಮೇಲೆ ಏಳಲು ಶಾಖವಿಲ್ಲ, ಕೊಳೆತು ನಾಶವಾಗಲು ಬೆಳಕೂ ಸಾಲದು. ನೀರಿನಲ್ಲಿ ಕರಗುವುದಿಲ್ಲ, ಕೊಬ್ಬಿನಲ್ಲಿ ಕರಗುತ್ತವೆ. ಕಣ್ಣಿಗೆ ಕಾಣದ ಜಲಜೀವಿಗಳನ್ನು ಸಣ್ಣ ಮೀನು, ಸಣ್ಣದನ್ನು ದೊಡ್ಡ ಮೀನು, ಅದನ್ನು ಸೀಲ್, ಸೀಲನ್ನು ಹಿಮಕರಡಿ ತಿನ್ನುತ್ತಾ ಹೋದಂತೆ ಮೆಟ್ಟಿಲು ಮೆಟ್ಟಿಲಿಗೂ ವಿಷ ಸಾಂದ್ರವಾಗುತ್ತದೆ. ಮನುಷ್ಯರೂ ಆ ಮೇಲಿನ ಮೆಟ್ಟಿಲಿನಲ್ಲೇ ಕೂತವರು. ಅವರಿಗಿಂತಲೂ ಮೇಲೆ ಇನ್ನೊಬ್ಬರಿದ್ದಾರೆ: ಮೊಲೆಯುಣ್ಣುವ ಕೂಸು. ತಾಯಿಯ ಮೈಯಲ್ಲಿ ವರ್ಷಾನುಗಟ್ಟಲೆ ಕೂಡಿದ್ದು ಹಾಲಿನ ಕೊಬ್ಬಿನಲ್ಲಿ ಇಳಿದು ಹೋಗುವುದರಿಂದ ಚೊಚ್ಚಲ ಮಗುವಿಗೇ ಹೆಚ್ಚು ಪಾಲು.

‘ಹಾಗಾದರೆ ಅದನ್ನು ತಿನ್ನುವುದು ಬಿಡಲಿ’ ಎಂದು ಇದನ್ನು ಕೇಳಿದವರಲ್ಲಿ ಹಲವರು ಹೇಳುತ್ತಾರೆ. ಸಸ್ಯಾಹಾರಿ ಮನೆಯಲ್ಲಿ ಹುಟ್ಟಿ ಬೆಳೆದವನು ನಾನು. ಆದರೂ ಈ ಮಾತು ನನಗೆ ನೋವು ಕೊಡುತ್ತದೆ. ಅಲ್ಲಿ ಬೇಟೆಯಾಡಿ ತಂದ ಸೀಲನ್ನು ಅಡುಗೆಮನೆಯ ನೆಲದ ಮೇಲೆ ರಟ್ಟು ಹಾಸಿ ಮಲಗಿಸುತ್ತಾರೆ. ಹೆಂಗಸರು ಉಲು ಎಂಬ ಅರ್ಧಚಂದ್ರದ ಕತ್ತಿ ಹಿಡಿದು ಸುತ್ತ ಕೂರುತ್ತಾರೆ. ಬಿಸಿ ಆರದ ಪಿತ್ತಜನಕಾಂಗ, ಅದರ ಜೊತೆಗೆ ಒಂದು ಚೂರು ಕೊಬ್ಬು. ನೆರೆಮನೆಯ ಮುದುಕಿಗೆ ಪಾಲು ಹೋಗುತ್ತದೆ, ಬೇಟೆಗೆ ಹೋಗಲಾರದವನ ಮನೆಗೂ ಹೋಗುತ್ತದೆ. ಹಂಚದೆ ತಿನ್ನುವುದು ಅಲ್ಲಿ ಅವಮಾನದ ಕೆಲಸ. ಬೇಸಾಯ ನಡೆಯದ ನಾಡಿನಲ್ಲಿ ತಿಮಿಂಗಿಲದ ಹಸಿ ಚರ್ಮದಿಂದ ಸಿ ಜೀವಸತ್ವ, ಸೀಲಿನ ಪಿತ್ತಜನಕಾಂಗದಿಂದ ಎ ಜೀವಸತ್ವ ಸಿಗುತ್ತಿತ್ತು, ಈಗಲೂ ಸಿಗುತ್ತದೆ. ಅಂಗಡಿಗೆ ವಿಮಾನದಲ್ಲಿ ಬರುವುದು ದುಬಾರಿ ಬೆಲೆಯ ಪೊಟ್ಟಣದ ತಿಂಡಿ, ಸಕ್ಕರೆ ನೀರು. ಹಾಗಾಗಿಯೇ ವೈದ್ಯರು ಎದೆಹಾಲು ಬಿಡಬೇಡಿ, ನಾಡಿನ ಊಟವನ್ನೂ ಬಿಡಬೇಡಿ ಎಂದೇ ಸಲಹೆ ಕೊಡುತ್ತ ಬಂದರು. 2011ರಲ್ಲಿ ನುನಾವಿಕ್‌ನ ಆರೋಗ್ಯ ಮಂಡಳಿ, ಹೆರುವ ವಯಸ್ಸಿನ ಹೆಂಗಸರು ಪಾದರಸದ ಕಾರಣಕ್ಕೆ ಬೆಲೂಗ ತಿಮಿಂಗಿಲದ ಮಾಂಸವನ್ನು ಕಡಿಮೆ ಮಾಡಬೇಕೆಂದು ಹೇಳಿತು. ಒಂದು ತುತ್ತಿನಲ್ಲೇ ಪೋಷಣೆಯೂ ವಿಷವೂ ಇರುವಾಗ ಆ ತಾಯಿ ಎಷ್ಟೆಂದು ಲೆಕ್ಕ ಹಾಕಬೇಕು?

ಬ್ಯಾಫಿನ್ ದ್ವೀಪದ ಬಳಿಯ ಬ್ರೌಟನ್ ಎಂಬ ಪುಟ್ಟ ದ್ವೀಪದವರ ರಕ್ತದಲ್ಲಿ ಪಿಸಿಬಿ ಇದೆ ಎಂಬ ಸುದ್ದಿ 1980ರ ದಶಕದಲ್ಲೇ ಹರಡಿದಾಗ ನೆರೆಯ ಊರಿನವರೇ ಅವರನ್ನು ‘ಪಿಸಿಬಿ ಜನ’ ಎಂದು ಕರೆದು ದೂರ ಇಟ್ಟರು. ವಿಷ ತಿಂದವರ ಮೇಲೆಯೇ ಮೈಲಿಗೆಯೂ ಬಿತ್ತು. ಜಾತಿಯ ನಾಡಿನಲ್ಲಿ ಬಾಳಿದ ನಮಗೆ ಇದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ.

ನಮ್ಮಲ್ಲಿ ಆಹಾರಶುದ್ಧಿಯ ವಿಚಾರ ಹಳೆಯದು. ಛಾಂದೋಗ್ಯ ಉಪನಿಷತ್ತಿನ ಆಹಾರಶುದ್ಧಿಯ ಮಾತಿಗೆ ಶಂಕರರು ಇಂದ್ರಿಯಗಳಿಂದ ಒಳಗೆ ತಂದುಕೊಳ್ಳುವುದೆಲ್ಲ ಆಹಾರವೇ ಎಂದು ಅರ್ಥ ಹೇಳಿದರು. ರಾಮಾನುಜರು ಉಣ್ಣುವ ಅನ್ನಕ್ಕೇ ಅನ್ವಯಿಸಿ ಮೂರು ದೋಷಗಳನ್ನು ಹೇಳಿದರು: ಪದಾರ್ಥದ ಸ್ವಭಾವದಿಂದ ಬರುವ ಜಾತಿದೋಷ, ಕೊಟ್ಟವರಿಂದ ಬರುವ ಆಶ್ರಯದೋಷ, ಕೂದಲು ಕಸ ಬಿದ್ದು ಬರುವ ನಿಮಿತ್ತದೋಷ. ಸೀಲಿನ ಕೊಬ್ಬಿಗೆ ಈ ಮೂರನ್ನೂ ಹಚ್ಚಿ ನೋಡಿ. ಸೀಲಿನ ಸ್ವಭಾವದಲ್ಲಿ ವಿಷವಿಲ್ಲ. ತಂದವನು ಮನೆಯ ಮಗ, ಬಡಿಸಿದವಳು ತಾಯಿ. ಮೇಲಿಂದ ಬಿದ್ದ ಕಸವಾಗಿದ್ದರೆ ತೆಗೆದು ಹಾಕಬಹುದಿತ್ತು. ಇದು ತೊಳೆದರೆ ಹೋಗದು, ಬೇಯಿಸಿದರೂ ಹೋಗದು. ಉಣ್ಣುವವರೂ ಬಡಿಸುವವರೂ ಎಂದೂ ಕಾಣದ ದೂರದ ಕರ್ತೃವಿನ ದೋಷ ಇದು. ಶಾಸ್ತ್ರ ಇದನ್ನು ಎಣಿಸಲಿಲ್ಲ, ಎಣಿಸುವ ಕಾಲ ಆಗ ಬಂದಿರಲಿಲ್ಲ. ಈಗ ಬಂದಿದೆ. ಇದನ್ನು ನಾಲ್ಕನೆಯ ಅನ್ನದೋಷ ಎಂದು ನಾವು ಸೇರಿಸಿಕೊಳ್ಳಬೇಕು.

ಇನುಯಿಟರ ಹಳೆಯ ಧರ್ಮದಲ್ಲಿ ಪಾಪದ ವಿಚಾರ ಬೇರೆ ತರಹದ್ದು. ಕಡಲಿನ ತಳದಲ್ಲಿ ಒಬ್ಬ ತಾಯಿ ಇದ್ದಾಳೆ. ಸೆಡ್ನಾ, ನುಲಿಯಾಯುಕ್ ಎಂದೆಲ್ಲ ಅವಳಿಗೆ ಹೆಸರು. ಅವಳ ಕತ್ತರಿಸಿದ ಬೆರಳುಗಳೇ ಸೀಲುಗಳಾದವು. ಮನುಷ್ಯರು ಕಟ್ಟಳೆ ಮುರಿದರೆ ಆ ಕೊಳೆ ಅವಳ ಕೂದಲಿಗೆ ಮೆತ್ತಿಕೊಳ್ಳುತ್ತದೆ. ಬೆರಳಿಲ್ಲದ ಅವಳು ಬಾಚಿಕೊಳ್ಳಲಾರಳು. ಸಿಟ್ಟಿನಿಂದ ಪ್ರಾಣಿಗಳನ್ನು ತಡೆದಿಡುತ್ತಾಳೆ, ಊರು ಉಪವಾಸ ಬೀಳುತ್ತದೆ. ಆಗ ಅಂಗಕ್ಕುಕ್, ಎಂದರೆ ಅವರ ಪಾತ್ರಿ, ಆವೇಶದಲ್ಲಿ ಕಡಲಿನ ತಳಕ್ಕಿಳಿದು ಅವಳ ತಲೆ ಬಾಚಿ ಬರುತ್ತಾನೆ. ಮನೆಯಲ್ಲಿ ನೆರೆದವರು ಒಬ್ಬೊಬ್ಬರಾಗಿ ತಮ್ಮ ತಪ್ಪನ್ನು ಬಾಯಿಬಿಟ್ಟು ಹೇಳುತ್ತಾರೆ. 1921ರಿಂದ 24ರವರೆಗೆ ಅಲ್ಲಿ ತಿರುಗಿದ ಕ್ನುಡ್ ರಾಸ್ಮುಸೆನ್ ಇದನ್ನೆಲ್ಲ ಬರೆದಿಟ್ಟಿದ್ದಾರೆ. ಈಗ ಅಲ್ಲಿ ಹೆಚ್ಚಿನವರು ಕ್ರೈಸ್ತರು. ಕೊಂದ ಸೀಲಿನ ಬಾಯಿಗೆ ಸಿಹಿನೀರು ಬಿಡುವ ಪದ್ಧತಿಯೂ ಹಿಂದಿನಿಂದ ಇತ್ತು, ಉಪ್ಪುನೀರಿನ ಪ್ರಾಣಿಗೆ ಬಾಯಾರಿಕೆ ಇರುತ್ತದೆ ಎಂದು. ಸಾಯುವವರ ಬಾಯಿಗೆ ಗಂಗಾಜಲ ಬಿಡುವ ನಮಗೆ ಆ ಕೈಯ ಮನಸ್ಸು ತಿಳಿಯುತ್ತದೆ.

ಆ ಪುರಾಣದಲ್ಲಿ ಒಂದು ನ್ಯಾಯವಿತ್ತು. ಕೊಳೆ ಹಚ್ಚಿದವರು ಆ ಮನೆಯಲ್ಲೇ ಕೂತಿದ್ದರು, ಹಸಿದವರೂ ಅವರೇ, ಒಪ್ಪಿಕೊಂಡವರೂ ಅವರೇ. ಈಗ ಕಡಲಿನಲ್ಲಿರುವ ಕೊಳೆಯನ್ನು ಒಪ್ಪಿಕೊಳ್ಳಬೇಕಾದವರು ಆ ಮನೆಯಲ್ಲಿಲ್ಲ.

ಅವರಲ್ಲಿ ನಾವೂ ಇದ್ದೇವೆ. ನಮ್ಮದು ಕಾಸರಗೋಡಿನ ಎಣ್ಮಕಜೆ ಕಡೆಯ ಊರು. ನಾನು ಚಿಕ್ಕವನಿದ್ದಾಗ ಪತ್ತಾಯದ ಬುಡಕ್ಕೆ ಇರುವೆ ಬಾರದಂತೆ ಅಪ್ಪ ಬಿಎಚ್‌ಸಿ ಪುಡಿಯನ್ನು ಗೆರಟೆಯಲ್ಲಿ ತುಂಬಿ ಗೆರೆ ಎಳೆದ ಹಾಗೆ ಉದುರಿಸುತ್ತಿದ್ದರು. ಅದರ ಮುಗ್ಗಲು ವಾಸನೆ ಉಗ್ರಾಣದ ಬಾಗಿಲು ದಾಟಿ ಬರುತ್ತಿತ್ತು. ಆಗ ದೇಶದ ಬಹಳಷ್ಟು ರೈತರ ಮನೆಯಲ್ಲಿ ಇದ್ದ ಪುಡಿ ಅದು. ಎಚ್‌ಸಿಎಚ್ ಎಂದೂ ಕರೆಯುವ ಆ ರಾಸಾಯನಿಕದ ಬಳಕೆಯನ್ನು ಚೀನಾ 1983ರಲ್ಲಿ ನಿಲ್ಲಿಸಿತು. ಭಾರತ 1990ರ ಸುಮಾರಿಗೆ ಕಡಿಮೆ ಮಾಡಿ 1997ರಲ್ಲಿ ಪೂರ್ತಿ ನಿಷೇಧಿಸಿತು. ಈ ಎರಡು ದೇಶಗಳು ಕೈ ತಡೆದಾಗಲೆಲ್ಲ ಆರ್ಕ್ಟಿಕ್ ಗಾಳಿಯಲ್ಲಿ ಅದರ ಪ್ರಮಾಣ ಇಳಿದದ್ದನ್ನು ವಿಜ್ಞಾನಿಗಳು ಗುರುತಿಸಿದ್ದಾರೆ. ಕರ್ತೃವಿನ ವಿಳಾಸಕ್ಕೆ ಇದಕ್ಕಿಂತ ಸ್ಪಷ್ಟ ಸಾಕ್ಷಿ ಯಾವುದು ಬೇಕು?

ಡಿಡಿಟಿಯ ವಿಚಾರ ಇನ್ನೂ ಕಷ್ಟದ್ದು. ಘಟ್ಟದ ಬುಡದ ಊರುಗಳಲ್ಲಿ ಚಳಿಜ್ವರ ಮನೆಮನೆಗಳನ್ನೇ ಖಾಲಿ ಮಾಡುತ್ತಿತ್ತು. 1953ರಲ್ಲಿ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಶುರುವಾಗಿ ಗೋಡೆಗಳಿಗೆ ಡಿಡಿಟಿ ಹೊಡೆದ ಮೇಲೆ ಮಕ್ಕಳು ಬದುಕಿದರು. ಇಲ್ಲಿಯ ತಾಯಿಯ ಮಡಿಲು ತುಂಬಿಸಿದ ಪುಡಿಯೇ ಅಲ್ಲಿಯ ತಾಯಿಯ ಹಾಲಿಗೆ ಸೇರುವ ಜಾತಿಯದು. ಪುಣ್ಯವನ್ನೂ ಪಾಪವನ್ನೂ ಇಲ್ಲಿ ಬೇರೆ ಮಾಡುವುದು ಹೇಗೆ?

ಈ ಪ್ರಶ್ನೆಗೆ ನಾನು ಕಂಡ ಅತ್ಯಂತ ಘನವಾದ ಉತ್ತರ ಬಂದದ್ದು ವಿಷ ಉಂಡವರ ಕಡೆಯಿಂದಲೇ. 1999ರ ಜನವರಿಯಲ್ಲಿ ನೈರೋಬಿಯಲ್ಲಿ ಈ ವಿಷಗಳ ನಿಷೇಧಕ್ಕಾಗಿ ದೇಶಗಳ ಮಾತುಕತೆ ನಡೆದಿತ್ತು. ನುನಾವಿಕ್‌ನ ಕೂಜುವಾಕ್‌ನಲ್ಲಿ ಹುಟ್ಟಿದ ಶೀಲಾ ವಾಟ್-ಕ್ಲೂಟಿಯೆ ಇನುಯಿಟರ ಪರವಾಗಿ ಹೋಗಿದ್ದರು. ಮೆದುಕಲ್ಲಿನಲ್ಲಿ ಕೆತ್ತಿದ ತಾಯಿ ಮಗುವಿನ ಪುಟ್ಟ ಮೂರ್ತಿಯೊಂದನ್ನು ಅವರು ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ ಮುಖ್ಯಸ್ಥರಿಗೆ ಕೊಟ್ಟರು. ಆಮೇಲಿನ ಮಾತುಕತೆಗಳಲ್ಲಿ ಅದು ಅಧ್ಯಕ್ಷರ ಮೇಜಿನ ಮೇಲೆಯೇ ಇತ್ತು. ಡಿಡಿಟಿ ಪೂರ್ತಿ ನಿಲ್ಲಲಿ ಎಂದು ಅವರು ಹಟ ಹಿಡಿಯಬಹುದಿತ್ತು. ಹಿಡಿಯಲಿಲ್ಲ. ಬಿಸಿಲಿನ ದೇಶಗಳ ಮಕ್ಕಳು ಮಲೇರಿಯಾದಿಂದ ಸಾಯುವಂಥ ಒಪ್ಪಂದ ಇನುಯಿಟರಿಗೆ ಬೇಡ, ಎರಡೂ ಕಡೆಯ ತಾಯಂದಿರಿಗೆ ದಾರಿಯಾಗಬೇಕು ಎಂಬುದು ಅವರ ನಿಲುವು. 2001ರ ಮೇ 22ರಂದು ಸ್ಟಾಕ್‌ಹೋಮ್ ಒಪ್ಪಂದ ಆಯಿತು. ಮಲೇರಿಯಾ ತಡೆಗೆ ಡಿಡಿಟಿ ಬಳಸಲು ಅದರಲ್ಲಿ ಅವಕಾಶ ಉಳಿಯಿತು. ಆರ್ಕ್ಟಿಕ್‌ನ ಮೂಲನಿವಾಸಿಗಳ ಆಹಾರ ಕಲುಷಿತವಾದ ಮಾತು ಅದರ ಪೀಠಿಕೆಯಲ್ಲೇ ಇದೆ.

ಎಂಡೋಸಲ್ಫಾನ್ ಎಂಬ ಕೀಟನಾಶಕ ಆ ಒಪ್ಪಂದದ ನಿಷೇಧದ ಪಟ್ಟಿಗೆ ಸೇರಿದ್ದು 2011ರ ಏಪ್ರಿಲಿನಲ್ಲಿ. ಧ್ರುವದ ಗಾಳಿಯಲ್ಲೂ ಪ್ರಾಣಿಗಳಲ್ಲೂ ಅದು ಸಿಕ್ಕಿದೆ ಎಂಬುದೇ ದೊಡ್ಡ ಆಧಾರವಾಗಿತ್ತು. ನಮ್ಮ ದೇಶ ಮೊದಲು ವಿರೋಧಿಸಿ, ಕೆಲವು ವಿನಾಯಿತಿಗಳೊಡನೆ ಒಪ್ಪಿತು. ಮೇ 13ರಂದು ಸುಪ್ರೀಂ ಕೋರ್ಟು ಅದನ್ನು ನಿಷೇಧಿಸಿತು. ನಮ್ಮ ಗೇರು ಗುಡ್ಡೆಗಳ ಮೇಲೆ 2000ದವರೆಗೂ ಹೆಲಿಕಾಪ್ಟರಿನಲ್ಲಿ ಸುರಿದದ್ದು ಅದೇ ಔಷಧಿ. ಬುಡದಲ್ಲಿ ಗುಡ್ಡ ಕೊರೆದ ಸುರಂಗದ ನೀರು ಕುಡಿಯುವ ಮನೆಗಳಿದ್ದವು. ತಲೆ ನಿಲ್ಲದ, ಮಾತು ಬಾರದ ಮಕ್ಕಳು ಹುಟ್ಟತೊಡಗಿದಾಗ ನಾಗದೋಷ ಎಂದರು, ದೈವದ ಮುನಿಸು ಎಂದರು, ಅಷ್ಟಮಂಗಲ ಪ್ರಶ್ನೆ ಇಡಿಸಿದರು, ಆಶ್ಲೇಷಾ ಬಲಿ ಮಾಡಿಸಿದರು. ಅಂಥ ಮಗುವನ್ನು ಸೊಂಟದಲ್ಲಿ ಹೊತ್ತ ತಾಯಿಯೊಬ್ಬಳು ನಮ್ಮ ಜಗಲಿಯಲ್ಲಿ ಕೂತು, “ಮಾಷ್ಟ್ರೇ, ನಾನು ಯಾವ ಜನ್ಮದಲ್ಲಿ ಯಾರ ಮಗುವಿನ ಬಾಯಿಂದ ತುತ್ತು ಕಿತ್ತೆನೋ, ನಿಮ್ಮ ಪುಸ್ತಕದಲ್ಲಿ ಏನಾದರೂ ಇದೆಯಾ?” ಎಂದು ಕೇಳಿದಳು. “ನೀನು ಯಾರಿಗೂ ಏನೂ ಮಾಡಿಲ್ಲಮ್ಮ” ಎಂದೆ. ಇಂದಿಗೂ ನನ್ನ ಉತ್ತರ ಅದೇ, ನುನಾವಿಕ್‌ನ ತಾಯಿಗೂ ಅದೇ.

ಕರ್ಮಸಿದ್ಧಾಂತವನ್ನು ನಾನು ಬಿಟ್ಟಿಲ್ಲ. ಅದನ್ನು ‘ನಾನು ಏನು ಮಾಡುತ್ತಿದ್ದೇನೆ, ಅದು ಯಾರ ಎಲೆಗೆ ಹೋಗಿ ಬೀಳುತ್ತದೆ’ ಎಂದು ಕೇಳಿಕೊಳ್ಳುವವರೆಗೆ ಮಾತ್ರ ಒಪ್ಪುತ್ತೇನೆ. ನೋಯುವವರತ್ತ ಅದನ್ನು ತಿರುಗಿಸಿ, ನೀನು ಮಾಡಿದ್ದನ್ನೇ ಉಣ್ಣುತ್ತಿದ್ದೀಯೆ ಎನ್ನುವುದು ಅಧರ್ಮ. ಇದು ನಮ್ಮ ಸೀಮೆಯ ಜೋಯಿಸರಿಗೂ ಪುರೋಹಿತರಿಗೂ ನನ್ನ ಬಿನ್ನಹ. ಓದುಗರಲ್ಲಿ ಕೃಷಿಕರಿದ್ದರೆ ಅವರಲ್ಲಿ ಇನ್ನೊಂದು ವಿನಂತಿ. ನಿಮ್ಮ ಉಗ್ರಾಣದ ಅಟ್ಟದಲ್ಲಿ ಹಳೆಯ ಬಿಎಚ್‌ಸಿ ಚೀಲವೋ ಎಂಡೋಸಲ್ಫಾನ್ ಡಬ್ಬಿಯೋ ಉಳಿದಿದ್ದರೆ ತೋಡಿಗೆ ಸುರಿಯಬೇಡಿ, ಹೂಳಬೇಡಿ, ಸುಡಬೇಡಿ. ಬಾಯಿ ಕಟ್ಟಿ, ಮಕ್ಕಳ ಕೈಗೆ ಸಿಗದಲ್ಲಿ ಇಟ್ಟು, ಕೃಷಿ ಕಚೇರಿಗೆ ತಿಳಿಸಿ.