ಕೊಂಡ ಮೇಲೆ ಬರುವ ಪರಿತಾಪ

ಮಂಡ್ಯ, ಮದ್ದೂರು, ಮಳವಳ್ಳಿ ಈ ಮೂರು ತಾಲೂಕುಗಳ ಹಳ್ಳಿಗಳಲ್ಲಿ ಅನೇಕ ಮನೆಗಳ ಅಟ್ಟದ ಮೇಲಾಗಲಿ ಮಂಚದ ಕೆಳಗಾಗಲಿ ಒಂದು ವಸ್ತುವು ಹಳೆಯ ಸೀರೆಯ ಮುಸುಕು ಹಾಕಿಕೊಂಡು ಕೂತಿರುವದು. ಅದನ್ನು ತಂದ ದಿವಸದಲ್ಲಿ ನೆರೆಹೊರೆಯವರು ಬಂದು ನೋಡಿ ಹೊಗಳಿ ಹೋಗಿದ್ದರು. ಈಗ ಅದರ ಹೆಸರನ್ನೆತ್ತಿದರೆ ಗಂಡನು ಹೆಂಡತಿಯ ಮುಖವನ್ನೂ ಹೆಂಡತಿಯು ಗಂಡನ ಮುಖವನ್ನೂ ನೋಡಿ ಸುಮ್ಮನಾಗುವರು. ಒಂದು ಮನೆಯಲ್ಲಿ ಅದು ಬಟ್ಟೆ ಒಗೆಯುವ ಯಂತ್ರವು. ಬೀದಿಯ ನಲ್ಲಿಯಲ್ಲಿ ಸ್ವಲ್ಪ ಹೊತ್ತು ಮಾತ್ರ ನೀರು ಬರುವ ಊರಿನಲ್ಲಿ ಅದಕ್ಕೆ ಕೊಡಕೊಡವಾಗಿ ನೀರು ಹೊತ್ತು ತುಂಬಬೇಕು. ಇನ್ನೊಂದು ಮನೆಯಲ್ಲಿ ಅದು ನೀರನ್ನು ಶುದ್ಧಿಮಾಡುವ ಯಂತ್ರವು. ಒಂದು ಚೊಂಬು ಶುದ್ಧವಾದ ನೀರನ್ನು ಕೊಡುವದಕ್ಕಾಗಿ ಅದು ಎರಡು ಮೂರು ಚೊಂಬುಗಳನ್ನು ಹೊರಗೆ ಚೆಲ್ಲುವದು. ಮತ್ತೊಂದು ಮನೆಯಲ್ಲಿ ಅದು ಸೋಫಾ. ಅದು ನಡುಮನೆಯ ಅರ್ಧವನ್ನು ನುಂಗಿದ್ದರಿಂದ ರಾತ್ರಿಯಲ್ಲಿ ಮಕ್ಕಳಿಗೆ ಚಾಪೆ ಹಾಸುವಷ್ಟು ಸ್ಥಳವಿಲ್ಲ.

ಹೀಗಿರಲಾಗಿ ಒಂದು ಪ್ರಶ್ನೆಯು ಹುಟ್ಟುತ್ತದೆ. ಇಂಥ ಪರಿತಾಪಕ್ಕೆ ಕಾರಣವಾದ ತಪ್ಪು ಎಲ್ಲಿರುವದು? ವಸ್ತುವಿನಲ್ಲಿಯೋ, ಬೆಲೆಯಲ್ಲಿಯೋ, ನಮ್ಮ ಆಶೆಯಲ್ಲಿಯೋ? ಇದನ್ನು ವಿಚಾರಿಸುವದು ನಿಷ್ಪ್ರಯೋಜನವಲ್ಲ. ಯಾಕಂದರೆ ತಪ್ಪಿನ ಸ್ಥಳವನ್ನು ತಿಳಿಯದವನು ಅದೇ ತಪ್ಪನ್ನು ಬೇರೆ ಅಂಗಡಿಯಲ್ಲಿ ಮಾಡುವನು.

ಮೊದಲು ಮೂರು ಬಗೆಯ ದುಃಖಗಳನ್ನು ಬೇರೆಬೇರೆಯಾಗಿಡೋಣ. ಸಿಡಿಲು ಬಡಿದು ಟಿ.ವಿ. ಸುಟ್ಟುಹೋದರೆ ಅದು ನಷ್ಟವು. ಅದರಲ್ಲಿ ಕೊಂಡವನ ತಪ್ಪಿಲ್ಲ. ವ್ಯಾಪಾರಿಯು ಕೆಟ್ಟ ಸರಕನ್ನು ಒಳ್ಳೆಯದೆಂದು ಹೇಳಿ ಕೊಟ್ಟಿದ್ದರೆ ಅದು ಅನ್ಯಾಯವು. ಅಂಥವನು ಮನೆಯಲ್ಲಿ ಕೂತು ಹಳಹಳಿಸದೆ ರಸೀತಿಯನ್ನು ಕೈಯಲ್ಲಿ ಹಿಡಿದು ನ್ಯಾಯವನ್ನು ಕೇಳಬೇಕು. 2019ನೆಯ ಗ್ರಾಹಕ ಸಂರಕ್ಷಣಾ ಕಾಯಿದೆಯು 2020ನೆಯ ಜುಲೈ ತಿಂಗಳಿನಿಂದ ಜಾರಿಯಲ್ಲಿದೆ. ಅದರ ಪ್ರಕಾರ ಕೊಂಡವನು ಬೇರೆ ಊರಿನ ಅಂಗಡಿಯ ಮೇಲೆ ಸಹ ತಾನು ವಾಸಿಸುವ ಜಿಲ್ಲೆಯ ಆಯೋಗದಲ್ಲಿಯೇ ದೂರು ಕೊಡಬಹುದು. ಕೊಟ್ಟ ಬೆಲೆಯು 5 ಲಕ್ಷ ರೂಪಾಯಿಗಳನ್ನು ಮೀರದಿದ್ದರೆ ದೂರಿಗೆ ಶುಲ್ಕವಿಲ್ಲ. 1915 ಎಂಬ ಸಂಖ್ಯೆಗೆ ಫೋನು ಮಾಡಿದರೆ ದಾರಿಯನ್ನು ತಿಳಿಸುವರು. ಆದರೆ ಮೂರನೆಯ ಬಗೆಯ ದುಃಖವೊಂದುಂಟು. ಅಲ್ಲಿ ವಸ್ತುವು ಒಳ್ಳೆಯದೇ, ವ್ಯಾಪಾರಿಯು ಪ್ರಾಮಾಣಿಕನೇ, ಬೆಲೆಯೂ ನ್ಯಾಯವಾದದ್ದೇ. ಆದರೂ ಮನಸ್ಸು ಚುಚ್ಚುತ್ತಲೇ ಇರುವದು. ನಾವು ವಿಚಾರಿಸಬೇಕಾದದ್ದು ಇದನ್ನೇ.

ಕೆಲವರು ಹೇಳುವದೇನಂದರೆ, ಆಶೆಯೇ ತಪ್ಪು, ಹಿರಿಯರು ಇವು ಒಂದೂ ಇಲ್ಲದೆ ಸುಖವಾಗಿದ್ದರು. ಈ ಮಾತನ್ನು ಹೇಳುವವರು ಬಹಳವಾಗಿ ಗಂಡಸರೇ. ಮಳವಳ್ಳಿ ತಾಲೂಕಿನ ಶಿವನಸಮುದ್ರದಲ್ಲಿ 1902ರಲ್ಲಿಯೇ ವಿದ್ಯುಚ್ಛಕ್ತಿಯು ಉತ್ಪತ್ತಿಯಾಯಿತು. ಆದರೆ ಅದು ಮೊದಲು ಹರಿದದ್ದು ಸುಮಾರು 92 ಮೈಲು ದೂರದ ಕೋಲಾರದ ಚಿನ್ನದ ಗಣಿಗಳಿಗೆ. ಹಳ್ಳಿಯ ಮನೆಗಳಲ್ಲಿ ಬಹುಕಾಲ ದೀಪದ ಬುಡ್ಡಿಯೇ ಗತಿಯಾಗಿತ್ತು. ಆ ಮನೆಗಳಲ್ಲಿ ಕೋಳಿ ಕೂಗುವದಕ್ಕೆ ಮೊದಲೇ ಎದ್ದು ರಾಗಿ ಬೀಸಿದವರೂ, ಒನಕೆ ಹಿಡಿದು ಭತ್ತ ಕುಟ್ಟಿದವರೂ, ಸೌದೆಯ ಹೊಗೆಯಲ್ಲಿ ಕಣ್ಣು ಕೆಡಿಸಿಕೊಂಡವರೂ ನಮ್ಮ ತಾಯಿ ಅಜ್ಜಿಯರಲ್ಲವೇ? ಗ್ಯಾಸಿನ ಒಲೆಯನ್ನಾಗಲಿ ಮಿಕ್ಸಿಯನ್ನಾಗಲಿ ಕೊಂಡು ಪರಿತಪಿಸಿದ ಹೆಂಗಸನ್ನು ಹುಡುಕಿದರೂ ಕಾಣುವದು ಕಷ್ಟ. ಆದಕಾರಣ ಆಶೆಯೆಲ್ಲಾ ತಪ್ಪೆಂದು ಹೇಳಲಾಗದು.

ಬೇರೆ ಕೆಲವರು, ಸಾಲವೇ ತಪ್ಪು, ಕೈಯಲ್ಲಿ ಹಣವಿದ್ದರೆ ಕೊಳ್ಳು, ಇಲ್ಲದಿದ್ದರೆ ಬಿಡು ಎನ್ನುವರು. ಇದರಲ್ಲಿ ಸತ್ಯಾಂಶವುಂಟು, ಆದರೆ ಪೂರ್ಣ ಸತ್ಯವಿಲ್ಲ. ಸಾಲಮಾಡಿ ಹಸುವನ್ನೋ ಹೊಲಿಗೆಯ ಯಂತ್ರವನ್ನೋ ತಂದು ಮನೆಯನ್ನು ನಿಲ್ಲಿಸಿದವರು ಇದ್ದಾರೆ. ನಗದಾಗಿ ಹಣ ಎಣಿಸಿಕೊಟ್ಟು ತಂದದ್ದನ್ನು ಕುರಿತು ವರುಷಗಟ್ಟಲೆ ಕೊರಗಿದವರೂ ಇದ್ದಾರೆ.

ಹಾಗಾದರೆ ತಪ್ಪು ಯಾವದು? ನನಗೆ ತೋರುವದು ಇದು. ಪ್ರತಿಯೊಂದು ವಸ್ತುವಿಗೂ ಎರಡು ಬೆಲೆಗಳುಂಟು. ಒಂದನ್ನು ಅಂಗಡಿಯಲ್ಲಿ ಕೊಡುತ್ತೇವೆ. ಇನ್ನೊಂದನ್ನು ಮನೆಯಲ್ಲಿ ಯಾರೋ ಒಬ್ಬರು ತಮ್ಮ ದುಡಿಮೆಯಿಂದಲೂ ಸ್ಥಳದಿಂದಲೂ ನಿದ್ರೆಯಿಂದಲೂ ಕೊಡುತ್ತಾರೆ. ಆ ಎರಡನೆಯ ಬೆಲೆಯನ್ನು ಕೊಡುವವರನ್ನು ಮೊದಲು ಕೇಳದೆ ಕೊಂಡದ್ದೇ ತಪ್ಪು. ಆಗ ಕೇಳದೆ ಬಿಟ್ಟ ಅವರ ಮಾತೇ ಕೊಂಡ ಮೇಲೆ ಪರಿತಾಪವಾಗಿ ಕೇಳಿಸುವದು. ಹೀಗೆ ಕೇಳಲ್ಪಡದೆ ಹೋಗುವವರು ಮೂವರು.

ಮೊದಲನೆಯವರು, ಆ ವಸ್ತುವಿನೊಂದಿಗೆ ದಿನವೂ ಬಾಳುವವರು. ಒಗೆಯುವ ಯಂತ್ರಕ್ಕೆ ನೀರು ಹೊರುವವಳನ್ನು ಅಂಗಡಿಗೆ ಕರೆದುಕೊಂಡು ಹೋದವರು ಎಷ್ಟು ಮಂದಿ? 2023ನೆಯ ಆಗಸ್ಟಿನಿಂದ ಗೃಹಲಕ್ಷ್ಮಿ ಯೋಜನೆಯ ಪ್ರಕಾರ ಮನೆಯ ಯಜಮಾನಿಗೆ ತಿಂಗಳಿಗೆ 2,000 ರೂಪಾಯಿ ಆಕೆಯ ಹೆಸರಿನಲ್ಲಿಯೇ ಸಲ್ಲುವ ಏರ್ಪಾಡಾಯಿತು. ಆ ಹಣವನ್ನು ನೆಚ್ಚಿ ಕಂತು ಕಟ್ಟುವ ಮನೆಗಳಲ್ಲಿಯೂ ಏನು ಕೊಳ್ಳಬೇಕೆಂಬದನ್ನು ಗಂಡನೇ ನಿಶ್ಚಯಿಸುವದುಂಟು. ಹೆಂಡತಿಯು ಗಂಡನಿಗೆ ತಿಳಿಸದೆ ಕಂತಿಗೆ ಒಪ್ಪಿ ಪುಸ್ತಕವನ್ನು ಅಕ್ಕಿಯ ಡಬ್ಬದಲ್ಲಿ ಬಚ್ಚಿಡುವದೂ ಉಂಟು. ಎರಡು ಕಡೆಯೂ ರೋಗವು ಒಂದೇ.

ಎರಡನೆಯವನು, ನಾಳಿನ ದಿವಸದ ನಾನೇ. ಇಂದಿನ ನಾನು ನಾಳಿನ ನನ್ನ ಹೆಗಲ ಮೇಲೆ ಹೊರೆ ಹೊರಿಸಿ ಮನೆಗೆ ಬರುತ್ತೇನೆ. ಅವನಾದರೋ ಇನ್ನೂ ಹುಟ್ಟಿಲ್ಲವಾದ್ದರಿಂದ ಬೇಡವೆನ್ನಲಾರನು. ನಮ್ಮ ಸೀಮೆಯಲ್ಲಿ ಇದಕ್ಕೆ ಕಬ್ಬೇ ಸಾಕ್ಷಿ. ಕೃಷ್ಣರಾಜಸಾಗರದ ನೀರು ಕಾಲುವೆಯಲ್ಲಿ ಬಂದ ಮೇಲೆ, 1933ರಲ್ಲಿ ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪನಿಯು ಸ್ಥಾಪಿತವಾಗಿ, ಕಬ್ಬು ಈ ನೆಲದ ಮುಖ್ಯ ಬೆಳೆಯಾಯಿತು. ನಾಟಿಯಿಂದ ಕಡಿಯುವ ತನಕ ಸುಮಾರು 12 ತಿಂಗಳು ಕಾದವನ ಕೈಗೆ ಹಣವು ಒಂದೇ ಸಾರಿ ಬರುವದು. ವರುಷವೆಲ್ಲಾ ಬತ್ತಿದ್ದ ಕೈಗೆ ಗಂಟು ಬಂದಾಗ ಅದು ವರುಷದ ಅನ್ನವೆಂಬದು ಮರೆತು ಒಂದು ದಿವಸದ ಐಶ್ವರ್ಯವೆಂದು ತೋರುವದು. ಹಣ ಬರುವದಕ್ಕೆ ಮುಂಚೆಯೇ ಅದನ್ನು ನಂಬಿ ಕೊಂಡವನ ಗತಿಯು ಇನ್ನೂ ಕಷ್ಟ. 1966ನೆಯ ಕಬ್ಬು ನಿಯಂತ್ರಣ ಆಜ್ಞೆಯ ಪ್ರಕಾರ ಕಬ್ಬು ಒಪ್ಪಿಸಿದ 14 ದಿವಸಗಳೊಳಗೆ ಹಣ ಸಲ್ಲಬೇಕು. ಆದರೆ ಬಾಕಿಗಾಗಿ ತಿಂಗಳುಗಟ್ಟಲೆ ಕಾದ ಅನುಭವವು ರೈತರಿಗೆ ಹೊಸತಲ್ಲ. ಮಂಡ್ಯದ ಕಾರ್ಖಾನೆಯೇ ಕೆಲವು ವರುಷ ನಿಂತುಹೋಗಿದ್ದು 2022ರಲ್ಲಿ ಮರಳಿ ಅರೆಯಲಾರಂಭಿಸಿತು. ಕಂತಿಗೆ ಆ ತಾಳ್ಮೆಯಿಲ್ಲ. ಇದಕ್ಕೆ ಪ್ರತಿಯಾಗಿ ಹಾಲಿನ ಹಣವನ್ನು ನೋಡಿರಿ. ಮದ್ದೂರು ತಾಲೂಕಿನ ಗೆಜ್ಜಲಗೆರೆಯ ಹಾಲು ಒಕ್ಕೂಟಕ್ಕೆ ಸೇರಿದ ಊರೂರಿನ ಡೈರಿಗಳಿಂದ ಆ ಹಣವು ಸ್ವಲ್ಪಸ್ವಲ್ಪವಾಗಿ, ಬಹಳವಾಗಿ ಹೆಂಗಸರ ಕೈಗೆ ಬರುವದು. ಅದರಿಂದ ಕೊಂಡದ್ದು ಸಕ್ಕರೆ, ಸೋಪು, ಮಗುವಿನ ಪುಸ್ತಕ. ಅವುಗಳನ್ನು ಕುರಿತು ಪರಿತಪಿಸುವವರನ್ನು ಕಾಣೆವು. ಹಣವು ಒಂದೇ, ಆದರೆ ಗಂಟಾಗಿ ಬಂದ ಹಣವು ನಾಳೆಯನ್ನು ಮರೆಯಿಸುವದು.

ಈ ಮರೆವಿನ ಮೇಲೆಯೇ ಬಡ್ಡಿಯ ಲೆಕ್ಕವು ನಿಂತಿದೆ. ಒಬ್ಬನು 12,000 ರೂಪಾಯಿ ಬೆಲೆಯ ಫ್ರಿಡ್ಜನ್ನು ನೂರಕ್ಕೆ ವರುಷಕ್ಕೆ 12ರ ಬಡ್ಡಿಯೆಂದು ನಂಬಿ 12 ಕಂತುಗಳಿಗೆ ತಂದನೆಂದು ಇಟ್ಟುಕೊಳ್ಳಿರಿ. ಬಡ್ಡಿ 1,440, ತಿಂಗಳಿಗೆ 1,120 ರೂಪಾಯಿ. ಲೆಕ್ಕವು ಸರಿಯಾಗಿ ತೋರುವದು. ಆದರೆ ಅವನು ಪ್ರತಿ ತಿಂಗಳೂ ಅಸಲಿನಲ್ಲಿ 1,000 ತೀರಿಸುತ್ತಾ ಬಂದನು. ಮೊದಲನೆಯ ತಿಂಗಳಲ್ಲಿ ಅವನ ಮೇಲಿದ್ದ ಸಾಲ 12,000, ಕಡೆಯ ತಿಂಗಳಲ್ಲಿ ಬರೀ 1,000. ವರುಷದ ಸರಾಸರಿಯನ್ನು ನೋಡಿದರೆ ಅವನು ಅನುಭವಿಸಿದ ಸಾಲವು 6,500 ಮಾತ್ರ. 6,500ಕ್ಕೆ 1,440 ಬಡ್ಡಿಯಂದರೆ ನೂರಕ್ಕೆ ಸುಮಾರು 22 ಆಯಿತು. ಬಡ್ಡಿಯೇ ಇಲ್ಲವೆಂದು ಬೋರ್ಡು ಹಾಕಿದ ಕಡೆಯಲ್ಲಿಯೂ ಅದು ಬೆಲೆಯಲ್ಲಿಯೋ ಅರ್ಜಿಯ ಶುಲ್ಕದಲ್ಲಿಯೋ ಅಡಗಿರುವದುಂಟು. ಶೂನ್ಯ ಬಡ್ಡಿಯೆಂಬದು ಇಲ್ಲವೇ ಇಲ್ಲವೆಂದು ರಿಸರ್ವ್ ಬ್ಯಾಂಕು 2013ರಲ್ಲಿಯೇ ಬ್ಯಾಂಕುಗಳಿಗೆ ತಿಳಿಸಿತು. 2024ನೆಯ ಅಕ್ಟೋಬರ್ 1ರಿಂದ, ಸಾಲ ಕೊಡುವ ಬ್ಯಾಂಕಾಗಲಿ ಫೈನಾನ್ಸ್ ಕಂಪನಿಯಾಗಲಿ ಎಲ್ಲಾ ವೆಚ್ಚಗಳನ್ನೂ ಸೇರಿಸಿದ ವರುಷದ ದರವನ್ನು ಒಂದು ಹಾಳೆಯಲ್ಲಿ, ಸಾಲಗಾರನಿಗೆ ತಿಳಿಯುವ ಭಾಷೆಯಲ್ಲಿ ಬರೆದುಕೊಡಬೇಕೆಂಬ ನಿಯಮವುಂಟು. ಆ ಹಾಳೆಯನ್ನು ಕನ್ನಡದಲ್ಲಿ ಕೇಳುವದಕ್ಕೆ ನಾಚಬೇಡಿರಿ.

ಮೂರನೆಯವರು ನೆರೆಯವರು. ಗುಂಪಿನ ಸಾಲದಲ್ಲಿ ಒಬ್ಬಳ ಕಂತಿಗೆ ಉಳಿದವರು ಹೊಣೆಯಾಗುವದುಂಟು. ನಾನು ತಂದ ಟಿ.ವಿ.ಯ ಕಂತು ತಪ್ಪಿದ ವಾರದಲ್ಲಿ ಪಕ್ಕದ ಮನೆಯವಳು ಕಳೆ ಕೀಳಿ ತಂದ ಕೂಲಿಯು ಹೋಗುವದು. ಅವಳು ಆ ಟಿ.ವಿ.ಯನ್ನು ಬಾಗಲಲ್ಲಿ ನಿಂತು ನೋಡಿದವಳು ಮಾತ್ರ. 2025ನೆಯ ಜನವರಿಯಲ್ಲಿ ವಸೂಲಿಯ ಕಿರುಕುಳದಿಂದ ಪ್ರಾಣ ಕಳೆದುಕೊಂಡವರ ಸುದ್ದಿಗಳು ರಾಜ್ಯದ ಹಲವು ಕಡೆಗಳಿಂದ, ಮಳವಳ್ಳಿ ತಾಲೂಕಿನಿಂದಲೂ ಬಂದವು. ಮುಂದಿನ ತಿಂಗಳಲ್ಲಿಯೇ ಬಲವಂತದ ವಸೂಲಿಯನ್ನು ತಡೆಯುವದಕ್ಕೆ ಸರಕಾರವು ಸುಗ್ರೀವಾಜ್ಞೆಯನ್ನು ಹೊರಡಿಸಿತು. ಇಂಥ ಸಾಲಗಳಲ್ಲಿ ರೋಗಕ್ಕೂ ಮನೆಗೂ ಮಾಡಿದವು ಅನೇಕವಾದ್ದರಿಂದ, ಸಾಲಗಾರರೆಲ್ಲಾ ಆಡಂಬರಗಾರರೆಂದು ಯಾರೂ ಹೇಳಬಾರದು. ಆದರೆ ಕಾನೂನು ವಸೂಲಿಗಾರನ ಕೈಯನ್ನು ಹಿಡಿಯಬಹುದೇ ಹೊರತು, ನಾವು ಯಾತಕ್ಕೆ ಸಾಲ ಮಾಡಬೇಕೆಂಬದನ್ನು ನಮಗಾಗಿ ನಿಶ್ಚಯಿಸಲಾರದು.

ಕೇಳಬೇಕಾದವರನ್ನು ಕೇಳದೆ ನಾವು ಕೇಳುವದು ಯಾರನ್ನು? ಬೀದಿಯ ಕಣ್ಣನ್ನು, ಆಮೇಲೆ, ತಂದ ವಸ್ತುವನ್ನೇ. ದಿದೆರೋ ಎಂಬ ಫ್ರೆಂಚ್ ತತ್ವಜ್ಞಾನಿಯು ತನ್ನ ಹಳೆಯ ನಿಲುವಂಗಿಯನ್ನು ಬಿಟ್ಟದ್ದಕ್ಕಾಗಿ ಪರಿತಪಿಸಿ ಬರೆದ ಪ್ರಬಂಧವೊಂದು 1769ರಲ್ಲಿ ಪ್ರಕಟವಾಯಿತು. ಹಳೆಯ ಅಂಗಿಯಿಂದ ಅವನು ಪುಸ್ತಕದ ಧೂಳನ್ನೂ ಲೇಖನಿಯ ಶಾಯಿಯನ್ನೂ ನಿಶ್ಚಿಂತೆಯಾಗಿ ಒರಸುತ್ತಿದ್ದನು. ಬೆಲೆಬಾಳುವ ಕೆಂಪು ಅಂಗಿಯು ಬಂದ ಮೇಲೆ ಕೋಣೆಯಲ್ಲಿದ್ದ ಹುಲ್ಲಿನ ಕುರ್ಚಿಯೂ ಹಳೆಯ ಮೇಜೂ ಅದರ ಪಕ್ಕದಲ್ಲಿ ಹೀನವಾಗಿ ಕಂಡವು. ಒಂದೊಂದನ್ನೂ ಬದಲಾಯಿಸುತ್ತಾ ಹೋಗಿ, ಹಳೆಯ ಅಂಗಿಗೆ ಯಜಮಾನನಾಗಿದ್ದವನು ಹೊಸ ಅಂಗಿಗೆ ಆಳಾದನು. ನಮ್ಮಲ್ಲಿಯೂ ಟಿ.ವಿ.ಯು ಗಾಜಿನ ಕಪಾಟನ್ನು ಕರೆಯುವದು, ಕಪಾಟು ಸೋಫಾವನ್ನು ಕರೆಯುವದು. ಗೃಹಜ್ಯೋತಿ ಯೋಜನೆಯಲ್ಲಿ ಮನೆಯ ಹಿಂದಿನ ಬಳಕೆಯ ಸರಾಸರಿಗಿಂತ ಸ್ವಲ್ಪ ಮಾತ್ರ ಹೆಚ್ಚಿಗೆ ಪುಕ್ಕಟೆಯಾಗಿ ಸಲ್ಲುವದು; 200 ಯೂನಿಟ್ಟುಗಳನ್ನು ಮೀರಿದ ತಿಂಗಳಲ್ಲಿ ಬಿಲ್ಲನ್ನೆಲ್ಲಾ ಕಟ್ಟಬೇಕು. ಅದುವರೆಗೆ ಕಾಣದಿದ್ದ ಆ ಬಿಲ್ಲು ಕೂಡಾ ಹೊಸ ಯಂತ್ರಗಳ ಹಿಂದೆಯೇ ಮನೆಗೆ ಬರುವದು.

ಇಲ್ಲಿ ಒಂದು ಆಕ್ಷೇಪಣೆಯನ್ನು ಗೌರವದಿಂದ ಕೇಳಬೇಕು. ಬಡವನಿಗೆ ಮರ್ಯಾದೆ ಬೇಡವೇ? ಪರರ ಜಗುಲಿಯ ಮೇಲೆಯೂ ಕೂಡಲು ಅಪ್ಪಣೆಯಿಲ್ಲದೆ ಅಂಗಳದಲ್ಲಿ ನಿಂತವರ ಮೊಮ್ಮಗನು ತನ್ನ ಮನೆಯಲ್ಲಿ ಕುರ್ಚಿಯನ್ನು ಇಟ್ಟು, ಬಂದವರನ್ನು ಕೂಡಿರಿ ಎಂದರೆ ಅದು ಡಂಭವೇ? ಎಂದಿಗೂ ಅಲ್ಲ. ಅದು ಬಹುಕಾಲ ತಡವಾಗಿ ಬಂದ ನ್ಯಾಯವು. ಆ ಕುರ್ಚಿಯನ್ನು ನೋಡಿ ನಗುವವರ ನಗೆಯು ಕುರ್ಚಿಯ ಮೇಲಲ್ಲ, ಅದರಲ್ಲಿ ಕೂತವನ ಮೇಲೆ ಎಂಬದನ್ನು ನಾವು ಬಲ್ಲೆವು. ಆದರೆ ಅದೇ ಕಾರಣದಿಂದ ನಾವು ಹೆಚ್ಚು ಎಚ್ಚರವಾಗಿರಬೇಕು. ಕಂತು ತಪ್ಪಿದ ದಿವಸ ಅದೇ ಬೀದಿಯವರ ಮುಂದೆ ವಸೂಲಿಗಾರನು ನಮ್ಮ ಕುರ್ಚಿಯಲ್ಲಿ ಕೂತು ನಮ್ಮನ್ನು ನಿಲ್ಲಿಸಿ ಮಾತಾಡುವನು. ಮರ್ಯಾದೆಗಾಗಿ ತಂದದ್ದು ಮರ್ಯಾದೆಯನ್ನೇ ಕೊಂಡುಹೋದರೆ ಅಜ್ಜನು ನಿಂತಿದ್ದ ಅಂಗಳಕ್ಕೆ ನಾವೇ ಹಿಂದಿರುಗಿದಂತಾಗುವದು. ಮನೆಯವರೆಲ್ಲರೂ ಒಪ್ಪಿ, ಎರಡು ಬೆಳೆ ಕಾದು, ತೀರಿಸಿ ತಂದ ಮರದ ಕುರ್ಚಿಯು ಚಿಕ್ಕದಾದರೂ ಅದರಿಂದ ನಮ್ಮನ್ನು ಎಬ್ಬಿಸುವವರು ಯಾರೂ ಇಲ್ಲ.

ಆದುದರಿಂದ ವಾಚಕರೇ, ಅಂಗಡಿಗೆ ಹೋಗುವದಕ್ಕೆ ಮುಂಚೆ ರಾತ್ರಿ ಊಟವಾದ ಮೇಲೆ ಮನೆಯವರೆಲ್ಲರೂ ಕೂತುಕೊಳ್ಳಿರಿ. ಇದರಿಂದ ಯಾರ ಕೈಯ ಕೆಲಸವು ಹಗುರವಾಗುವದು? ಯಾರ ಕೆಲಸವು ಹೆಚ್ಚುವದು? ಕಬ್ಬಿನ ಹಣವು ತಡವಾದರೆ ಕಂತನ್ನು ಯಾರು ಕಟ್ಟುವರು? ಈ ಮೂರನ್ನು ಕೇಳಿರಿ. ಮೊದಲು ಹೆಂಗಸರು ಮಾತಾಡಲಿ, ಆಮೇಲೆ ದೊಡ್ಡ ಮಕ್ಕಳು, ಕಡೆಗೆ ಯಜಮಾನನು. ಒಪ್ಪಿದರೆ ಸಂತೋಷದಿಂದ ಕೊಳ್ಳಿರಿ. ಹಾಗೆ ಕೊಂಡದ್ದು ಕೆಟ್ಟುಹೋದರೂ ಅದು ನಷ್ಟವಾಗುವದೇ ಹೊರತು ಜಗಳವಾಗದು.

ಈಗಾಗಲೇ ಕೊಂಡು ಮರುಗುವವರಿಗೆ ಒಂದು ಮಾತು. ಪಶ್ಚಾತ್ತಾಪವೆಂದರೆ ಕೊರಗುವದಲ್ಲ, ತಿರುಗಿಕೊಳ್ಳುವದು ಎಂದು ನಾವು ಸಭೆಯಲ್ಲಿ ಎಷ್ಟೋ ಸಾರಿ ಕೇಳಿದ್ದೇವೆ. ಕಂತು ಮುಗಿದ ವಸ್ತುವು ಉಪಯೋಗವಿಲ್ಲದಿದ್ದರೆ ಬಂದ ಬೆಲೆಗೆ ಮಾರಿರಿ, ಇಲ್ಲವೇ ಬೇಕಾದವರಿಗೆ ಕೊಟ್ಟುಬಿಡಿರಿ. ಮುಸುಕಿನ ಕೆಳಗೆ ಇಟ್ಟು ದಿನವೂ ನೋಡಬೇಡಿರಿ. ತಂದವರನ್ನು ಮಾತುಮಾತಿಗೆ ಹಂಗಿಸಬೇಡಿರಿ. ಹಂಗಿಸಲ್ಪಟ್ಟವನು ಇನ್ನು ಮುಂದೆ ಕೊಳ್ಳದೆ ಇರುವನೆಂದು ತಿಳಿಯಬೇಡಿರಿ, ಅವನು ಮುಚ್ಚಿಟ್ಟು ಕೊಳ್ಳುವನು. ಒಂದು ಸಾರಿ ಕೂತು ಲೆಕ್ಕವನ್ನು ಎಲ್ಲರ ಮುಂದೆ ಬಿಚ್ಚಿ, ಮುಂದಿನ ಸಾರಿ ಕೇಳಿಯೇ ತರುವೆವೆಂದು ಮಾತು ಕೊಟ್ಟುಕೊಳ್ಳಿರಿ. ಹಾಗೆ ಮಾಡಿದ ಮನೆಯಲ್ಲಿ ಅಟ್ಟದ ಮೇಲಿನ ವಸ್ತುವಿಗೆ ಕೊಟ್ಟ ಹಣವು ಪೂರ್ತಿಯಾಗಿ ವ್ಯರ್ಥವಾಗಲಿಲ್ಲ.