ಹೆದರಿದ ಬೆಕ್ಕು ಹೊಸ್ತಿಲು ದಾಟುವಾಗ

ತೆನಾಲಿ ರಾಮಕೃಷ್ಣನ ಬೆಕ್ಕಿನ ಕಥೆ ಕೇಳದೆ ಬೆಳೆದವರು ನಮ್ಮಲ್ಲಿ ಕಡಿಮೆ. ಇಲಿಗಳ ಕಾಟ ಹೆಚ್ಚಿತೆಂದು ಕೃಷ್ಣದೇವರಾಯ ಮನೆಗೊಂದು ಬೆಕ್ಕನ್ನೂ ಅದರ ಹಾಲಿಗೆಂದು ಒಂದು ಹಸುವನ್ನೂ ಕೊಡಿಸುತ್ತಾನೆ. ರಾಮಕೃಷ್ಣ ಮೊದಲ ದಿನವೇ ಕುದಿಯುವ ಹಾಲನ್ನು ಬೆಕ್ಕಿನ ಮುಂದಿಡುತ್ತಾನೆ. ಮೂತಿ ಸುಟ್ಟುಕೊಂಡ ಬೆಕ್ಕು ಅಂದಿನಿಂದ ಹಾಲು ಕಂಡರೆ ಓಟ ಕೀಳುತ್ತದೆ. ಹಸುವಿನ ಹಾಲೆಲ್ಲ ಮನೆಯವರ ಪಾಲಾಗುತ್ತದೆ. ಚಿಕ್ಕಂದಿನಲ್ಲಿ ಕವಿಯ ಜಾಣತನಕ್ಕೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆವು. ಈಗ ಆ ಕಥೆ ನೆನಪಾದಾಗಲೆಲ್ಲ ನನ್ನ ಮನಸ್ಸು ಬೆಕ್ಕಿನ ಹತ್ತಿರವೇ ನಿಂತುಬಿಡುತ್ತದೆ. ಅದರ ಮುಂದೆ ಯಾರಾದರೂ ದಿನವೂ ಆರಿದ ಹಾಲನ್ನಿಟ್ಟು, ದೂರ ಸರಿದು ಕೂತು ಕಾದಿದ್ದರೆ? ಅದು ಎಂದಾದರೂ ಬಟ್ಟಲ ಬಳಿ ಬರುತ್ತಿತ್ತೇ? ಬಂದಿದ್ದರೆ, ಅದರೊಳಗೆ ಏನು ಬದಲಾಗಿರುತ್ತಿತ್ತು?

ಬೀದಿಯಿಂದಲೋ ಆಶ್ರಯಧಾಮದಿಂದಲೋ ಹೆದರಿದ ಬೆಕ್ಕನ್ನು ಮನೆಗೆ ತಂದವರು ಬದುಕುವುದು ಕಥೆ ಹೇಳದೆ ಬಿಟ್ಟ ಆ ಭಾಗದಲ್ಲಿ. (ಅಂದಹಾಗೆ, ಬೆಳೆದ ಬೆಕ್ಕುಗಳಲ್ಲಿ ಹೆಚ್ಚಿನವಕ್ಕೆ ಹಾಲು ಸರಿಯಾಗಿ ಜೀರ್ಣವಾಗುವುದಿಲ್ಲ. ಬೆಕ್ಕೆಂದರೆ ಹಾಲು ಎಂಬ ನಮ್ಮ ರೂಢಿಯನ್ನು ಇನ್ನಾದರೂ ಬಿಡಬೇಕು. ನೀರು ಮತ್ತು ಮಾಂಸದ ಆಹಾರವೇ ಅದಕ್ಕೆ ಸರಿ.)

ಮೈಸೂರಿನ ನಮ್ಮ ಹಳೆಯ ಮನೆಗೆ ಸುಬ್ಬಿ ಬಂದದ್ದು ಬೆಳೆದ ಬೆಕ್ಕಾಗಿಯೇ. ಬೂದುಬಣ್ಣದ ಮೈ, ಅದರ ಮೇಲೆ ಕಪ್ಪು ಪಟ್ಟೆ. ಮನೆ ಖಾಲಿ ಮಾಡಿದ ಯಾರೋ ಅವಳನ್ನು ಬೀದಿಯಲ್ಲೇ ಬಿಟ್ಟು ಹೋಗಿದ್ದರಂತೆ. ಬುಟ್ಟಿಯ ಬಾಗಿಲು ತೆರೆದ ಕೂಡಲೇ ನೆಲಕ್ಕೆ ಹೊಟ್ಟೆ ಒತ್ತಿಕೊಂಡು ಓಡಿ ಸ್ಟೀಲ್ ಬೀರುವಿನ ಅಡಿ ಸೇರಿದಳು. ಟಾರ್ಚ್ ಹಾಕಿದರೆ ಕಾಣುತ್ತಿದ್ದದ್ದು ಎರಡು ಹಸಿರು ಹೊಳಪು ಮಾತ್ರ. ಕಿವಿಗಳು ತಲೆಗೆ ಅಂಟಿಕೊಂಡಿದ್ದವು. ಬಾಲ ಮೈಯನ್ನು ಬಳಸಿಕೊಂಡಿತ್ತು.

ಇಂಥ ಹೊತ್ತಿನಲ್ಲಿ ಕೈ ಚಾಚಿ ಎಳೆದುಕೊಳ್ಳಬೇಕು, ಎತ್ತಿ ಮುದ್ದಿಸಬೇಕು, 'ನಾನಿದ್ದೇನೆ' ಎಂದು ತೋರಿಸಬೇಕು ಎನ್ನಿಸುವುದು ನಮಗೆ ಸಹಜ. ಬೆಕ್ಕಿಗೆ ಬೇಕಾದದ್ದು ಅದಲ್ಲ. ಅದು ಬೇಟೆಗಾರ ಪ್ರಾಣಿ ನಿಜ, ಆದರೆ ಮೈಯಲ್ಲಿ ಚಿಕ್ಕದು. ತನಗಿಂತ ದೊಡ್ಡವಕ್ಕೆ ತಾನೇ ಬೇಟೆ. ಅಡಗುವುದು, ಎತ್ತರಕ್ಕೆ ಏರುವುದು, ಇವೇ ಅದಕ್ಕೆ ಮೊದಲು ತೋಚುವ ರಕ್ಷಣೆ. ನೆದರ್ಲೆಂಡ್ಸ್‌ನ ಉಟ್ರೆಕ್ಟ್ ವಿಶ್ವವಿದ್ಯಾಲಯದವರು ಒಂದು ಆಶ್ರಯಧಾಮದಲ್ಲಿ ನಡೆಸಿ 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹೊಸದಾಗಿ ಬಂದ ಬೆಕ್ಕುಗಳಲ್ಲಿ ಕೆಲವಕ್ಕೆ ಅಡಗಿ ಕೂರಲು ಪೆಟ್ಟಿಗೆ ಕೊಟ್ಟರು, ಉಳಿದವಕ್ಕೆ ಕೊಡಲಿಲ್ಲ. ಪೆಟ್ಟಿಗೆ ಸಿಕ್ಕ ಬೆಕ್ಕುಗಳ ಆತಂಕ ಬೇಗ ಇಳಿಯಿತು. ಅಡಗಲು ಬಿಟ್ಟರೆ ಬೇಗ ಹೊರಗೆ ಬರುತ್ತವೆ! ಮೊದಲ ಸಲ ಇದನ್ನು ಓದಿದಾಗ ನನಗಾದ ಸಂತೋಷ ಅಷ್ಟಿಷ್ಟಲ್ಲ. ರಟ್ಟಿನ ಡಬ್ಬವೊಂದನ್ನು ಅಡ್ಡ ಮಲಗಿಸಿ, ಒಳಗೆ ಹಳೆಯ ಹತ್ತಿ ಸೀರೆಯ ತುಂಡು ಹಾಸಿ ಸುಬ್ಬಿಯ ಕೋಣೆಯಲ್ಲಿಟ್ಟೆ. ಊಟ ಒಂದು ಮೂಲೆಗೆ, ನೀರು ಇನ್ನೊಂದು ಮೂಲೆಗೆ, ಮರಳಿನ ಟ್ರೇ ಎರಡಕ್ಕೂ ದೂರ. ಇಡೀ ಮನೆಯನ್ನು ಒಮ್ಮೆಗೇ ಕೊಟ್ಟರೆ ಹೆದರಿದ ಜೀವಕ್ಕೆ ಅದು ಭಾರ. ಒಂದು ಕೋಣೆ ಸಾಕು.

ಮರಿಯಾಗಿದ್ದಾಗಿನ ಎರಡನೆಯ ವಾರದಿಂದ ಏಳನೆಯ ವಾರದವರೆಗಿನ ಕಾಲದಲ್ಲಿ ಮನುಷ್ಯರ ಕೈ ಸೋಕಿದ ಬೆಕ್ಕುಗಳು ಜನರೊಂದಿಗೆ ಸಲೀಸಾಗಿ ಬೆರೆಯುತ್ತವೆ, ಆ ಕಾಲ ಕಳೆದರೆ ಕಷ್ಟ ಎನ್ನುತ್ತಾರೆ ಬಲ್ಲವರು. ಕಷ್ಟವೇ ಹೊರತು ಅಸಾಧ್ಯವಲ್ಲ. ನಾನು ರಾತ್ರಿ ಆ ಕೋಣೆಯ ನೆಲದ ಮೇಲೆ, ಅವಳ ಕಡೆಗೆ ಮುಖ ಮಾಡದೆ, ಪಕ್ಕಕ್ಕೆ ತಿರುಗಿ ಕೂತು ದಿನಪತ್ರಿಕೆಯನ್ನು ಗಟ್ಟಿಯಾಗಿ ಓದುತ್ತಿದ್ದೆ. ಕೆ.ಆರ್.ಎಸ್. ನೀರಿನ ಮಟ್ಟ, ಅಡಕೆ ಧಾರಣೆ, ಮದುವೆ ಜಾಹೀರಾತು, ಏನಾದರೂ ಸರಿ. ಧ್ವನಿ ಅವಳ ಕಿವಿಗೆ ಪಳಗಬೇಕು, ಅಷ್ಟೆ.

ಕಣ್ಣಿನ ವಿಚಾರ ಬೇರೆಯೇ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದರೆ ಲೋಕಕ್ಕೆ ಗೊತ್ತಾಗದೇ? ಎಂದು ನಮ್ಮ ಗಾದೆ ಅದನ್ನು ಕಳ್ಳನ ಸಾಲಿಗೆ ಸೇರಿಸಿಬಿಟ್ಟಿದೆ. ಪಾಪ, ಬೆಕ್ಕು ಕಣ್ಣು ಮುಚ್ಚುವುದು ಹೆದರಿಕೆ ಇಲ್ಲದಾಗ. ಇಂಗ್ಲೆಂಡಿನ ಸಸೆಕ್ಸ್ ಮತ್ತು ಪೋರ್ಟ್ಸ್‌ಮತ್ ವಿಶ್ವವಿದ್ಯಾಲಯಗಳ ಸಂಶೋಧಕರು 2020ರಲ್ಲಿ ತೋರಿಸಿದ್ದು ಇದನ್ನೇ: ಮನುಷ್ಯರು ಕಣ್ಣನ್ನು ನಿಧಾನವಾಗಿ ಕಿರಿದು ಮಾಡಿ ಮುಚ್ಚಿ ತೆರೆದರೆ ಬೆಕ್ಕುಗಳೂ ಹಾಗೆಯೇ ಮಾಡುತ್ತವೆ, ಅಪರಿಚಿತರು ಹಾಗೆ ಮಾಡಿದ ಮೇಲೆ ಅವರ ಕೈಯ ಹತ್ತಿರ ಬರುವುದೂ ಹೆಚ್ಚು. ಒಂದು ರಾತ್ರಿ ಪತ್ರಿಕೆ ಮಡಿಸಿಟ್ಟು ಬೀರುವಿನತ್ತ ನೋಡಿ ನಿಧಾನವಾಗಿ ರೆಪ್ಪೆ ಮುಚ್ಚಿದೆ. ತೆರೆದು ನೋಡಿದರೆ ಕತ್ತಲಲ್ಲಿದ್ದ ಹಸಿರು ಹೊಳಪು ಕಿರಿದಾಗುತ್ತಾ ಬಂದು ಆರಿಹೋಯಿತು, ಮತ್ತೆ ನಿಧಾನವಾಗಿ ಹೊತ್ತಿಕೊಂಡಿತು. ನನ್ನ ಕುಲವಲ್ಲ, ನನ್ನ ಭಾಷೆಯಲ್ಲ, ನನ್ನಿಂದ ಅವಳಿಗೆ ಒಳ್ಳೆಯದಾದೀತೆಂಬುದಕ್ಕೆ ಪುರಾವೆಯೂ ಇಲ್ಲ. ಆದರೂ ಉತ್ತರ ಬಂತು.

ಆಮೇಲೆ ಬಂದದ್ದು ಮೂಗು. ನೆಲದ ಮೇಲಿಟ್ಟ ನನ್ನ ಬೆರಳ ತುದಿಯನ್ನು ಅವಳು ಮೂಸಿದ ರೀತಿ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಮೀಸೆಗಳೆಲ್ಲ ಮುಂದಕ್ಕೆ ಬಾಗಿದ್ದವು. ಮೂಗಿನ ಹೊಳ್ಳೆ ಸಣ್ಣಗೆ ಅದುರುತ್ತಿತ್ತು. ಹಿಂಗಾಲು ಮಾತ್ರ ಓಡಲು ತಯಾರಾಗಿ ಹಿಂದೆಯೇ ಊರಿತ್ತು. ಬಳಿಕ ಕೆನ್ನೆಯನ್ನು ಬೆರಳಿಗೆ ಒಮ್ಮೆ ಉಜ್ಜಿ ತಟ್ಟನೆ ಒಳಗೆ ಹೋದಳು. ಬೆಕ್ಕಿನ ಕೆನ್ನೆಯಲ್ಲಿ ವಾಸನೆಯ ಗ್ರಂಥಿಗಳಿವೆ. ಪರಿಚಿತವೆಂದುಕೊಂಡ ವಸ್ತುಗಳಿಗೆ, ಜನರಿಗೆ ಅದು ತನ್ನ ವಾಸನೆ ಹಚ್ಚುತ್ತದೆ. ನಮಗೆ ತಿಳಿಯದ ಒಂದು ಲಿಪಿಯಲ್ಲಿ ಅವಳು ನನ್ನ ಮೇಲೆ ಏನನ್ನೋ ಬರೆದು ಹೋಗಿದ್ದಳು. ಆ ರಾತ್ರಿ ಕೈ ತೊಳೆಯಲು ಮನಸ್ಸಾಗಲಿಲ್ಲ.

ಅವಳು ತಾನಾಗಿ ಹತ್ತಿರ ಬಂದದ್ದು ಕಂಡು ನನಗೆ ಶರಣಾಗತಿಯ ಮಾತು ನೆನಪಾಯಿತು. ಶ್ರೀವೈಷ್ಣವರು ಅದನ್ನು ವಿವರಿಸಲು ಎರಡು ನ್ಯಾಯಗಳನ್ನು ಹೇಳುತ್ತಾರೆ. ಮೇಲುಕೋಟೆಯ ಕಡೆ ಹುಟ್ಟಿ ಬೆಳೆದವರಿಗೆ ಇವು ಕೇಳಿ ಗೊತ್ತಿರುತ್ತವೆ. ಬೆಕ್ಕಿನ ಮರಿ ಏನೂ ಮಾಡುವುದಿಲ್ಲ, ತಾಯಿಯೇ ಕತ್ತಿನ ಚರ್ಮ ಕಚ್ಚಿ ಒಯ್ಯುತ್ತದೆ. ಇದು ಅವರಲ್ಲಿ ತೆಂಗಲೆ ಪಂಗಡದವರು ಹಿಡಿದ ಮಾರ್ಜಾಲ ಕಿಶೋರ ನ್ಯಾಯ. ಕೋತಿಮರಿ ತಾನೇ ತಾಯಿಯ ಹೊಟ್ಟೆಯನ್ನು ತಬ್ಬಿ ಹಿಡಿದಿರಬೇಕು. ಇದು ವಡಗಲೆ ಪಂಗಡದವರ ಮರ್ಕಟ ಕಿಶೋರ ನ್ಯಾಯ. ತಾಯಿ ಕಚ್ಚಿದೊಡನೆ ಮರಿ ಕಾಲು ಮಡಿಚಿ ಮೈ ಸಡಿಲ ಬಿಡುವುದನ್ನು ನೋಡಿದವರಿಗೆ, ಆಚಾರ್ಯರು ಅದರಲ್ಲಿ ಪೂರ್ಣ ಶರಣಾಗತಿಯನ್ನು ಕಂಡದ್ದು ಎಷ್ಟು ಸರಿ ಎನ್ನಿಸುತ್ತದೆ. ಆದರೆ ಬೆಳೆದ ಬೆಕ್ಕನ್ನು ಯಾರೂ ಹಾಗೆ ಎತ್ತಿ ನಂಬಿಕೆಯೊಳಗೆ ಇಳಿಸಲಾಗದು. ಕತ್ತು ಹಿಡಿದರೆ ಅದಕ್ಕಾಗುವುದು ಭಯ. ಸುಬ್ಬಿಯನ್ನು ಬೀದಿಯಿಂದ ಎತ್ತಿ ತಂದದ್ದು ಬೇರೆಯವರ ಕೃಪೆ, ಮಾರ್ಜಾಲ ನ್ಯಾಯ. ಬೀರುವಿನ ಅಡಿಯಿಂದ ನನ್ನ ಬೆರಳಿನವರೆಗಿನ ದಾರಿಯನ್ನು ಅವಳೇ ನಡೆದಳು. ಬೆಕ್ಕೊಂದು ಮರ್ಕಟ ನ್ಯಾಯವನ್ನು ಹಿಡಿದದ್ದನ್ನು ನಾನು ಹತ್ತಿರದಿಂದ ಕಂಡೆ.

ದಿನ ಕಳೆದಂತೆ ಕಿಟಕಿಯ ಮೇಲೆ ಕೂತು ಹಿತ್ತಲನ್ನೇ ನೋಡತೊಡಗಿದಳು. ಪಕ್ಕದ ಮನೆಯ ಅಜ್ಜಿಗೆ ಅದನ್ನು ಕಂಡು ಸಂಕಟ. "ಇದೇನಮ್ಮಾ, ಬೆಕ್ಕನ್ನ ಹೀಗೆ ಕೂಡಿ ಹಾಕಿದೀಯ? ಬಿಟ್ಬಿಡು, ತಿರುಗಾಡ್ಕೊಂಡು ಬರುತ್ತೆ."

"ಇದು ತನ್ನ ಮನೆ ಅಂತ ಅದಕ್ಕೆ ಇನ್ನೂ ಗೊತ್ತಿಲ್ಲ ಅಜ್ಜಿ."

ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹೌದು ಬಿಡು, ನಮ್ಮೂರಲ್ಲಿ ಒಂದು ಬೆಕ್ಕನ್ನ ಗೋಣಿಚೀಲದಲ್ಲಿ ಕಟ್ಟಿ ಪಕ್ಕದೂರಲ್ಲಿ ಬಿಟ್ಟು ಬಂದ್ರು. ಮೂರನೇ ದಿನಕ್ಕೆ ಅಡುಗೆಮನೇಲಿ ಕೂತಿತ್ತು," ಎಂದರು. ಹಳ್ಳಿಗಳಲ್ಲಿ ಇಂಥ ಬೆಕ್ಕಿನ ಸುದ್ದಿ ಇಲ್ಲದ ಮನೆಯೇ ಇರಲಾರದು. ಅಮೆರಿಕದ ಪ್ರಾಣಿಶಾಸ್ತ್ರಜ್ಞ ಫ್ರಾನ್ಸಿಸ್ ಹೆರಿಕ್ ಬೆಕ್ಕುಗಳ ಈ ಶಕ್ತಿಯನ್ನೇ ಪರೀಕ್ಷಿಸಿ 1922ರಲ್ಲಿ ಪ್ರಬಂಧ ಬರೆದರು. ಮರಿಗಳಿದ್ದ ತಾಯಿ ಬೆಕ್ಕನ್ನು ಕಿಲೋಮೀಟರುಗಟ್ಟಲೆ ದೂರ ಒಯ್ದು ಬಿಟ್ಟರೂ ಅದು ಮರಿಗಳಿದ್ದಲ್ಲಿಗೆ ಮರಳುತ್ತಿತ್ತು. ಹೊಸ ಬೆಕ್ಕನ್ನು ಆತುರಪಟ್ಟು ಹೊರಗೆ ಬಿಡಬಾರದೆನ್ನುವುದು ಇದೇ ಕಾರಣಕ್ಕೆ. ದಾರಿ ಅದಕ್ಕೆ ಗೊತ್ತು. ಆದರೆ ಗೊತ್ತಿರುವುದು ಹಳೆಯ ಮನೆಯ ದಾರಿ. ಕನಿಷ್ಠ ಮೂರು ನಾಲ್ಕು ವಾರ ಒಳಗಿದ್ದು ಹೊಸ ಮನೆಯ ವಾಸನೆ, ಸದ್ದು, ಊಟದ ಹೊತ್ತು ಎಲ್ಲ ಮೈಗೆ ಹತ್ತಬೇಕು. ಹೆದರಿದ ಬೆಕ್ಕಿಗೆ ಇನ್ನೂ ಹೆಚ್ಚು ಕಾಲ ಬೇಕು.

ಹೊರಗೆ ಬಿಡುವ ಮುಂಚೆ ಮಾಡಲೇಬೇಕಾದ ಕೆಲಸಗಳಿವೆ. ಸಂತಾನಹರಣ ಶಸ್ತ್ರಚಿಕಿತ್ಸೆ, ರೇಬೀಸ್ ಲಸಿಕೆ, ಬೆಕ್ಕುಗಳ ಸಾಂಕ್ರಾಮಿಕ ರೋಗಗಳ ಲಸಿಕೆ, ಎಲ್ಲಾದರೂ ಸಿಕ್ಕಿಕೊಂಡರೆ ತಾನೇ ಬಿಚ್ಚಿಕೊಳ್ಳುವ ಕೊರಳಪಟ್ಟಿ, ಅದರ ಮೇಲೆ ಫೋನ್ ನಂಬರು. ಇಂಗ್ಲೆಂಡಿನಲ್ಲಿ 2024ರ ಜೂನ್ 10ರಿಂದ ಇಪ್ಪತ್ತು ವಾರ ತುಂಬಿದ ಸಾಕುಬೆಕ್ಕಿಗೆಲ್ಲ ಚರ್ಮದಡಿ ಅಕ್ಕಿಕಾಳಿನಷ್ಟು ದೊಡ್ಡ ಮೈಕ್ರೋಚಿಪ್ ಕಡ್ಡಾಯ. ಹೊರಗೆ ತಿರುಗುವ ಬೆಕ್ಕಿಗೆ ನಮ್ಮಲ್ಲೂ ಅದನ್ನು ಹಾಕಿಸುವುದು ಒಳ್ಳೆಯದೆಂದೇ ನನ್ನ ಅಭಿಪ್ರಾಯ. ನೀರಿನ ಸಂಪಿನ ಮುಚ್ಚಳ ಭದ್ರವಾಗಿದೆಯೇ ನೋಡಬೇಕು. ಅಕ್ಕಪಕ್ಕದವರು ಇಲಿಪಾಷಾಣ ಇಡುತ್ತಾರೆಯೇ ಕೇಳಬೇಕು. ಬೆಚ್ಚಗಿದೆಯೆಂದು ಕಾರಿನ ಎಂಜಿನ್ ಸಂದಿಗೆ ಬೆಕ್ಕು ಹೊಕ್ಕಿರಬಹುದು, ಗಾಡಿ ಶುರು ಮಾಡುವ ಮುಂಚೆ ಬಾನೆಟ್ ತಟ್ಟಿರೆಂದು ಬೀದಿಯವರಿಗೆ ಹೇಳಿಡಬೇಕು. ನಾಯಿ ಅಟ್ಟಿಸಿಕೊಂಡು ಬಂದರೆ ಹತ್ತಲು ಮರವೋ ಗೋಡೆಯೋ ಇರಬೇಕು. ನಮ್ಮಲ್ಲಿ ಸೀಬೆಮರ ಕಾಂಪೌಂಡಿಗೆ ಒರಗಿಕೊಂಡೇ ಇದೆ. ಪಟಾಕಿಯ ದಿನಗಳಲ್ಲಂತೂ ಈ ಯೋಚನೆಯೇ ಬೇಡ. ದೀಪಾವಳಿ ಕಳೆದು, ಮಕ್ಕಳ ಕೈಯಲ್ಲಿ ಉಳಿದ ಪಟಾಕಿಗಳೂ ಮುಗಿಯುವವರೆಗೆ ನಾನು ಹಿತ್ತಲ ಬಾಗಿಲು ತೆರೆಯಲಿಲ್ಲ.

ಬೆಂಗಳೂರಿನ ಐದನೆಯ ಮಹಡಿಯಲ್ಲಿರುವವರ ಪ್ರಶ್ನೆಯೇ ಬೇರೆ. ಬೀಳುವ ಬೆಕ್ಕು ಗಾಳಿಯಲ್ಲೇ ಹೊರಳಿ ಕಾಲ ಮೇಲೆ ಇಳಿಯುವುದನ್ನು ಫ್ರಾನ್ಸಿನ ಎಟಿಯೆನ್ ಜೂಲ್ ಮಾರೆ 1894ರಲ್ಲಿ ಸರಣಿ ಚಿತ್ರಗಳಲ್ಲಿ ಸೆರೆಹಿಡಿದಾಗ ವಿಜ್ಞಾನಿಗಳೇ ಬೆರಗಾದರು. ಯಾವ ಆಧಾರವೂ ಇಲ್ಲದೆ ದೇಹ ತನ್ನನ್ನು ತಾನೇ ತಿರುಗಿಸಿಕೊಳ್ಳುವುದು ಹೇಗೆಂದು ಅವರು ತಲೆ ಕೆಡಿಸಿಕೊಂಡರು. ಬೆರಗು ಸರಿ, ಆದರೆ ಅದನ್ನು ನಂಬಿ ಬಾಲ್ಕನಿ ತೆರೆದಿಡಬಾರದು. ನ್ಯೂಯಾರ್ಕಿನ ಪಶು ಆಸ್ಪತ್ರೆಯೊಂದಕ್ಕೆ ಐದು ತಿಂಗಳಲ್ಲಿ ಮಹಡಿಯಿಂದ ಬಿದ್ದು ಬಂದ 132 ಬೆಕ್ಕುಗಳ ವಿವರ 1987ರಲ್ಲಿ ಪ್ರಕಟವಾಯಿತು. ಚಿಕಿತ್ಸೆ ಪಡೆದವುಗಳಲ್ಲಿ ಹೆಚ್ಚಿನವು ಬದುಕಿದವು, ಆದರೆ ಎದೆಗೆ, ದವಡೆಗೆ, ಕಾಲಿಗೆ ಆದ ಪೆಟ್ಟುಗಳು ಸಣ್ಣವಲ್ಲ. ಬಾಲ್ಕನಿಗೆ ಬಿಗಿಯಾಗಿ ಬಲೆ ಕಟ್ಟಿಸಿ, ಎರಡು ತುಳಸಿ ಕುಂಡ, ಹತ್ತಲು ಒಂದು ಹಲಗೆ ಇಟ್ಟರೆ ಅಲ್ಲಿಯ ಬೆಕ್ಕಿಗೆ ಅದೇ ಹೊರಗು. ಮುಖ್ಯರಸ್ತೆಯ ಪಕ್ಕದ ಮನೆಗಳಲ್ಲಿ ಅದಕ್ಕಿಂತ ಹೆಚ್ಚಿನದನ್ನು ಕೊಡಲು ಹೋಗಬಾರದು.

ಸುಬ್ಬಿಗೆ ಬಾಗಿಲು ತೆರೆದದ್ದು ಬೆಳಗಿನ ಊಟಕ್ಕೆ ಮುಂಚೆ, ಬಿಸಿಲು ಸ್ವಲ್ಪ ಏರಿದ ಮೇಲೆ. ಹೊಟ್ಟೆ ಹಸಿದಿದ್ದರೆ ದೂರ ಹೋಗುವುದಿಲ್ಲ. ಜೊತೆಗೆ, ನಸುಕಿನಲ್ಲೂ ಮುಸ್ಸಂಜೆಯಲ್ಲೂ ಬೆಕ್ಕಿನ ಬೇಟೆಬುದ್ಧಿ ಜೋರು. ನಮ್ಮ ದಾಸವಾಳಕ್ಕೆ ಬರುವ ಸೂರಕ್ಕಿ, ಪಿಕಳಾರಗಳ ಜೀವವೂ ನನಗೆ ಮುಖ್ಯ. ಅವಳು ಹೊಸ್ತಿಲ ಈಚೆಯೇ ಕೂತಳು. ಬಾಗಿಲು ತೆರೆದೇ ಇದೆ, ಹಿಂದಕ್ಕೆ ಓಡಬಹುದು ಎಂಬುದನ್ನು ಮತ್ತೆ ಮತ್ತೆ ತಿರುಗಿ ನೋಡಿ ಖಚಿತಪಡಿಸಿಕೊಂಡಳು. ನಾನು ಮೆಟ್ಟಿಲ ಮೇಲೆ ಸುಮ್ಮನೆ ಕೂತಿದ್ದೆ, ಕರೆಯಲಿಲ್ಲ. ಒಂದು ಕಾಲು ಆಚೆಗಿಟ್ಟಳು. ಕಿವಿಗಳು ಒಂದೊಂದು ದಿಕ್ಕಿಗೆ ತಿರುಗುತ್ತಿದ್ದವು. ನಮ್ಮ ಕಿವಿ ಸೆಕೆಂಡಿಗೆ ಇಪ್ಪತ್ತು ಸಾವಿರ ಕಂಪನಗಳಿಗೆ ನಿಂತುಬಿಡುತ್ತದೆ, ಬೆಕ್ಕಿಗೆ ಅರವತ್ತು ಸಾವಿರದಾಚೆಯೂ ಕೇಳುತ್ತದೆ. ಇಲಿಗಳು ತಮ್ಮತಮ್ಮೊಳಗೆ ಆಡುವ ಸೂಕ್ಷ್ಮ ಸದ್ದು ನನಗೆ ಮೌನ, ಅವಳಿಗೆ ಮಾತು. ಕರಿಬೇವಿನ ಬುಡ ಮೂಸಿ, ಬಾಯಿ ಅರ್ಧ ತೆರೆದು, ತುಟಿ ಎತ್ತಿ ಹಾಗೆಯೇ ನಿಂತಳು. ಅಂಗುಳಿನ ಮೇಲಿರುವ ಇನ್ನೊಂದು ಘ್ರಾಣೇಂದ್ರಿಯಕ್ಕೆ ವಾಸನೆಯನ್ನು ಒಯ್ಯುವ ರೀತಿ ಅದು. ಯಾವ ಬೆಕ್ಕು, ಯಾವಾಗ ಅಲ್ಲಿ ಬಂದು ಹೋಗಿತ್ತೋ! ಅಷ್ಟರಲ್ಲಿ ಬೀದಿಯಲ್ಲಿ "ಸೊಪ್ಪೂ..." ಎಂಬ ಕೂಗು ಕೇಳಿ ಒಳಗೆ ಹಾರಿ ಡಬ್ಬ ಸೇರಿದಳು. ಮಾರನೆಯ ದಿನ ಇನ್ನೆರಡು ಮಾರು ಮುಂದೆ ಹೋದಳು.

ಊಟದ ಡಬ್ಬಿ ಅಲ್ಲಾಡಿಸಿ ಹೆಸರು ಕೂಗಿದರೆ ಈಗ ಬರುತ್ತಾಳೆ. ಬೆಕ್ಕಿಗೆ ತನ್ನ ಹೆಸರು ಗೊತ್ತಾಗುತ್ತದೆ, ಬೇರೆ ಪದಗಳಿಂದ ಅದನ್ನು ಬೇರ್ಪಡಿಸಿ ಗುರುತಿಸುತ್ತದೆ ಎಂದು ಜಪಾನಿನ ಅಟ್ಸುಕೊ ಸೈಟೊ ಮತ್ತು ಸಂಗಡಿಗರು 2019ರಲ್ಲಿ ತೋರಿಸಿದ್ದಾರೆ. ದೀಪ ಹಚ್ಚುವ ಹೊತ್ತಿಗೆ ಅವಳನ್ನು ಒಳಗೆ ಕರೆದು ಬಾಗಿಲು ಹಾಕುತ್ತೇನೆ, ರಾತ್ರಿಯ ರಸ್ತೆಯನ್ನು ನಾನು ನಂಬುವುದಿಲ್ಲ. ಹೆಸರು ಗೊತ್ತಾಗುವುದು ಬೇರೆ, ಕರೆದಾಗ ಬರುವುದು ಬೇರೆ. ಕಾಂಪೌಂಡಿನಾಚೆ ಇಡೀ ಬಡಾವಣೆ ತೆರೆದೇ ಇದೆ. ಅಲ್ಲಿಯೂ ಊಟ ಸಿಗುತ್ತದೆ, ಮೀನು ತರುವ ಮನೆಗಳೂ ಇವೆ. ಯಾರೂ ಕಟ್ಟಿ ಹಾಕಿಲ್ಲ. ಒಮ್ಮೆ ಬಿಟ್ಟು ಹೋದ ಮನುಷ್ಯ ಜಾತಿಯನ್ನು ಮತ್ತೆ ನಂಬಬೇಕೆಂದು ಯಾವ ಶಾಸ್ತ್ರವೂ ಅವಳಿಗೆ ಹೇಳಿಕೊಟ್ಟಿಲ್ಲ. ಹಾಗಿದ್ದೂ ಬರುತ್ತಾಳೆ. ಇದಕ್ಕೆ ಹಸಿವೊಂದೇ ಕಾರಣವೆಂದು ಹೇಳಿದರೆ ನಾನು ಒಪ್ಪಲಾರೆ. ಉಂಡ ಮೇಲೂ ಬಂದು ಕಾಲ ಬಳಿ ಕೂರುತ್ತಾಳೆ.

ಈಚೆಗೆ ಅವಳು ಹೋದಲ್ಲೆಲ್ಲ ನಾನೂ ನಿಧಾನವಾಗಿ ಹಿಂಬಾಲಿಸುತ್ತೇನೆ. ಸಂಜೆ ನಾಲ್ಕರ ಹೊತ್ತಿಗೆ ಹಿಂದಿನ ಗೋಡೆಯ ಒಂದು ಜಾಗಕ್ಕೆ ಬೆನ್ನು ಒತ್ತಿ ಕೂರುತ್ತಿದ್ದಳು. ಅಲ್ಲಿ ಬಿಸಿಲು ಬೀಳುವುದಿಲ್ಲ. ಅಂಗೈ ಇಟ್ಟು ನೋಡಿದರೆ ಗೋಡೆ ಬೆಚ್ಚಗಿತ್ತು: ಆಚೆ ಕಡೆ ಅಜ್ಜಿಯ ಹಂಡೆ ಒಲೆ. ಅಜ್ಜಿ ಈಗಲೂ ಸೌದೆ ಹಾಕಿ ನೀರು ಕಾಯಿಸುತ್ತಾರೆಂಬುದೇ, ಇಷ್ಟು ವರ್ಷ ಗೋಡೆ ಹಂಚಿಕೊಂಡು ಬಾಳಿದ ನನಗೆ ತಿಳಿದಿರಲಿಲ್ಲ. ಸಂಪಿನ ಪಕ್ಕದ ಕಲ್ಲನ್ನು ದಿನವೂ ಮೂಸಿ ಅಷ್ಟು ಹೊತ್ತು ಯಾಕೆ ನಿಲ್ಲುತ್ತಾಳೆಂಬುದು ಇನ್ನೂ ಗೊತ್ತಾಗಿಲ್ಲ. ನಾಳೆ ಅದನ್ನು ಎತ್ತಿ ನೋಡಬೇಕೆಂದಿದ್ದೇನೆ, ಅವಳೂ ಜೊತೆಗಿರುವಾಗ.