ದಧೀಚಿಯ ದಾನ ಮತ್ತು ನಮ್ಮ ದೇಹ

ಮಹಾನವಮಿಯಂದು ನಾವು ಆಯುಧಗಳನ್ನು ಪೂಜಿಸುತ್ತೇವೆ. ನೇಗಿಲು, ಕುಡುಗೋಲುಗಳು ಊರಿನಲ್ಲೇ ಉಳಿದುವು. ಮಹಾನಗರಕ್ಕೆ ಬಂದ ನಮಗೆ ಲೇಖನಿ, ಲೆಕ್ಕದ ಪುಸ್ತಕ, ವಾಹನಗಳೇ ಆಯುಧಗಳಾಗಿವೆ. ಆದರೆ ಆಯುಧಗಳಲ್ಲೆಲ್ಲ ಶ್ರೇಷ್ಠವೆನಿಸಿದ ಇಂದ್ರನ ವಜ್ರವು ಯಾವ ಲೋಹದಿಂದಲೂ ಆದುದಲ್ಲ. ಅದು ಒಬ್ಬ ಋಷಿಯ ಎಲುಬಿನಿಂದ ಆದುದು.

ವೃತ್ರಾಸುರನ ಬಾಧೆಗೆ ಸಿಲುಕಿದ ದೇವತೆಗಳು ದಧೀಚಿ ಮಹರ್ಷಿಗಳ ಬಳಿಗೆ ಬಂದು ಅವರ ಅಸ್ಥಿಗಳನ್ನೇ ಬೇಡಿದರೆಂದು ಮಹಾಭಾರತವೂ ಭಾಗವತವೂ ಹೇಳುತ್ತವೆ. ಮಹರ್ಷಿಗಳು ಲೋಕಹಿತಕ್ಕಾಗಿ ಪ್ರಾಣವನ್ನೇ ತ್ಯಜಿಸಿ ಅಸ್ಥಿಗಳನ್ನು ನೀಡಿದರು. ಬಂಧುಗಳೇ, ಇಂದು ಯಾರೂ ನಮ್ಮ ಪ್ರಾಣವನ್ನು ಬೇಡುತ್ತಿಲ್ಲ. ಪ್ರಾಣ ಹೋದ ಮೇಲೆ ಅಗ್ನಿಗೋ ಮಣ್ಣಿಗೋ ಸೇರುವುದನ್ನು ಮಾತ್ರ ಬೇಡುತ್ತಿದ್ದಾರೆ.

ಮಿದುಳು ಸಂಪೂರ್ಣ ಸತ್ತು, ಯಂತ್ರದ ಸಹಾಯದಿಂದ ಮಾತ್ರ ಉಸಿರಾಟ ನಡೆದಿರುವ ಒಬ್ಬ ವ್ಯಕ್ತಿಯಿಂದ ಹೃದಯ, ಎರಡು ಶ್ವಾಸಕೋಶ, ಯಕೃತ್ತು, ಎರಡು ಮೂತ್ರಪಿಂಡ, ಮೇದೋಜೀರಕ ಗ್ರಂಥಿ ಹಾಗೂ ಕರುಳುಗಳನ್ನು ಪಡೆದು ಎಂಟು ಜನರವರೆಗೂ ಬದುಕಿಸಬಹುದು. ಮನೆಯಲ್ಲಿ ಮರಣಿಸಿದವರೂ ಸುಮಾರು 6 ಗಂಟೆಗಳೊಳಗೆ ನೇತ್ರದಾನ ಮಾಡಬಹುದು. 'ಬದುಕಿರುವಾಗಲೇ ಸತ್ತರೆಂದು ಬರೆದುಬಿಟ್ಟರೆ?' ಎಂಬ ಭಯಕ್ಕೆ ಕಾರಣವಿಲ್ಲ. 1994ರ ಕಾನೂನಿನಂತೆ ನಾಲ್ವರು ವೈದ್ಯರ ಮಂಡಲಿಯು 6 ಗಂಟೆಗಳ ಅಂತರದಲ್ಲಿ ಎರಡು ಬಾರಿ ಪರೀಕ್ಷಿಸಿ ಮಿದುಳಿನ ಮರಣವನ್ನು ದೃಢಪಡಿಸಬೇಕು. ಅಂಗಗಳ ಮಾರಾಟವು ಅಪರಾಧ. ದಾನದ ಸಂಕಲ್ಪ ಮಾಡುವವರು ರಾಷ್ಟ್ರೀಯ ಸಂಸ್ಥೆಯಾದ 'ನೋಟೋ'ದಲ್ಲಿ ಆಧಾರ್ ಸಂಖ್ಯೆಯ ಮೂಲಕ ಹೆಸರು ನೋಂದಾಯಿಸಬಹುದು.

ಆದರೆ ನೋಂದಣಿಯೊಂದೇ ಸಾಲದು. ಆ ಹೊತ್ತು ಬಂದಾಗ ಆಸ್ಪತ್ರೆಯವರು ಒಪ್ಪಿಗೆ ಕೇಳುವುದು ಮನೆಯವರನ್ನು. ಬ್ಯಾಂಕಿನಲ್ಲಿ ದಿನವೂ ಠೇವಣಿದಾರರಿಗೆ 'ನಾಮಿನಿಯ ಹೆಸರು ಬರೆಸಿದ್ದೀರಾ? ಮನೆಯಲ್ಲಿ ತಿಳಿಸಿದ್ದೀರಾ?' ಎಂದು ಕೇಳುವ ನಾನು, ದೇಹವೆಂಬ ಈ ಠೇವಣಿಯ ಮಾತನ್ನು ಮನೆಯಲ್ಲಿ ಎತ್ತಲು ಎರಡು ವರ್ಷ ಹಿಂಜರಿದೆ. ಕೊನೆಗೆ ಹೇಳಿದಾಗ ನನ್ನ ಪತ್ನಿ ಮೌನವಾದಳು. ತಾಯಿಯವರು, 'ಕಣ್ಣಿಲ್ಲದ ದೇಹಕ್ಕೆ ಸಂಸ್ಕಾರ ಸಲ್ಲುತ್ತದೆಯೇನೋ? ಮುಂದಿನ ಜನ್ಮದಲ್ಲಿ ಕುರುಡನಾಗಿ ಹುಟ್ಟಿದರೆ?' ಎಂದರು.

ಇದು ಅನೇಕ ಹಿರಿಯರ ಪ್ರಶ್ನೆ. ಇದನ್ನು ಹಗುರವಾಗಿ ಕಾಣಬಾರದು. ದಾನದ ನಂತರ ವೈದ್ಯರು ದೇಹವನ್ನು ಹೊಲಿದು ಗೌರವದಿಂದ ಒಪ್ಪಿಸುತ್ತಾರೆ. ಸಂಸ್ಕಾರವು ಯಥಾವಿಧಿಯಾಗಿ ನಡೆಯುತ್ತದೆ. ಗೀತಾಚಾರ್ಯನು ದೇಹವನ್ನು ಕಳಚಿಡುವ ವಸ್ತ್ರಕ್ಕೆ ಹೋಲಿಸಿದನು. ಚಳಿಯಲ್ಲಿ ನಡುಗುವವನಿಗೆ ಶಾಲು ಹೊದಿಸಿದವನು ಮುಂದೆ ತಾನು ಬೆತ್ತಲೆಯಾಗುವೆನೆಂದು ಅಂಜುವನೇ? ಬೇಡರ ಕಣ್ಣಪ್ಪನು ಶಿವನಿಗೆ ತನ್ನ ಕಣ್ಣನ್ನೇ ಕಿತ್ತುಕೊಟ್ಟನು. ಶಿವನು ಅವನಿಗೆ ಕುರುಡುತನವನ್ನು ಕೊಟ್ಟನೇ? ತನ್ನ ಸಾನ್ನಿಧ್ಯವನ್ನೇ ಕೊಟ್ಟನು. 1954ರಲ್ಲಿ ತೆರೆಯ ಮೇಲೆ ಆ ಕಣ್ಣಪ್ಪನಾದ ಡಾ. ರಾಜ್‌ಕುಮಾರ್ ಅವರು 2006ರಲ್ಲಿ ತೀರಿಕೊಂಡಾಗ ಅವರ ಕಣ್ಣುಗಳು ದಾನವಾದುವು. 2021ರಲ್ಲಿ ಅವರ ಪುತ್ರ ಪುನೀತ್ ಅವರ ಕಣ್ಣುಗಳೂ ದಾನವಾದುವು. ಅದೇ ವರ್ಷ ಅಪಘಾತದಲ್ಲಿ ಅಗಲಿದ ನಟ ಸಂಚಾರಿ ವಿಜಯ್ ಅವರ ಅಂಗಗಳನ್ನು ಕುಟುಂಬದವರು ಆ ದುಃಖದ ನಡುವೆಯೂ ದಾನ ಮಾಡಿದರು.

ಇದನ್ನೆಲ್ಲ ಕೇಳಿದ ತಾಯಿಯವರು ಅಂದು ಏನೂ ಹೇಳಲಿಲ್ಲ. ಕೆಲವು ದಿನಗಳ ಮೇಲೆ ದೇವರ ದೀಪ ಹಚ್ಚಿ ಬಂದು, 'ನಿನ್ನ ಸರದಿ ನನಗಿಂತ ಮುಂಚೆ ಬರುವುದು ಬೇಡಪ್ಪ. ಮೊದಲು ನನ್ನ ಕಣ್ಣುಗಳನ್ನು ಬರೆಸು' ಎಂದರು. ನನಗೆ ಮಾತು ಹೊರಡಲಿಲ್ಲ. ಅವರ ಹೆಸರಿನ ಕೆಳಗೆ ನನ್ನ ಹೆಸರನ್ನು ಬರೆಸಿದೆ, ಪತ್ನಿಯೂ ಒಪ್ಪಿದಳು.

ಬಂಧುಗಳೇ, ವಿಜಯದಶಮಿಯ ಸಂಜೆ ಬನ್ನಿ ಹಂಚಿ, ಹಿರಿಯರಿಗೆ ನಮಸ್ಕರಿಸಿದ ಮೇಲೆ, ಮನೆಯವರೆಲ್ಲ ಕೂಡಿ ಕುಳಿತ ಶುಭಸಮಯದಲ್ಲಿ ಈ ಮಾತನ್ನೂ ಆಡಿರಿ. ಇದು ಅಶುಭದ ಮಾತಲ್ಲ. ಇನ್ನೊಂದು ಮನೆಯ ದೀಪ ಆರದಂತೆ ಕಾಯುವ ಮಾತು. ದಧೀಚಿಯ ಮನಸ್ಸಿನ ಒಂದಂಶವನ್ನಾದರೂ ಜಗನ್ಮಾತೆಯು ನಮಗೆ ಅನುಗ್ರಹಿಸಲಿ.